ಶಾಮಿಯಾನ ಅಂಗಡಿಗೊಂದು ಬಾಯಿಲ್ಲದ ಮಾಡೆಲ್

ನಾನು ತುಮಕೂರಿನಲ್ಲಿ ವೆಬ್‌ಸೈಟ್ ಮಾಡುತ್ತೇನೆ ಎಂದು ಹೇಳಿಕೊಳ್ಳುವುದು ಈಚೆಗೆ ಅರ್ಧ ಸುಳ್ಳು. ಮಾಡುವುದು ಎಐ. ನಾನು ಪಕ್ಕದಲ್ಲಿ ಕೂತು ಟೀ ಕುಡಿಯುತ್ತಾ ಅದರ ತಪ್ಪಿಗೆ ಅದನ್ನು ಬೈಯುತ್ತೇನೆ, ಆಮೇಲೆ ಅದೇ ತಪ್ಪಿಗೆ ಗಿರಾಕಿಯಿಂದ ನಾನು ಬೈಸಿಕೊಳ್ಳುತ್ತೇನೆ. ಇದಕ್ಕೂ ಒಂದು ವಿದ್ಯೆ ಬೇಕು. ಅದು ಯಾವ ವಿದ್ಯೆ ಎಂದು ನಮ್ಮ ಮನೆಯವರಿಗೆ ತಿಳಿಸಿ ಹೇಳಲು ಮಾತ್ರ ನನ್ನಿಂದ ಇವತ್ತಿನವರೆಗೂ ಆಗಿಲ್ಲ.

ಹೀಗೆ ಮಾಡಿಸಿದ ಸೈಟುಗಳಲ್ಲಿ ಒಂದು, ಗುಬ್ಬಿಯಲ್ಲಿರುವ ನನ್ನ ಸೋದರಮಾವನ ಶಾಮಿಯಾನ ಅಂಗಡಿಯದು. ಮಾವನಿಗೆ ಸೈಟು ಬೇಕಿರಲಿಲ್ಲ. ಅದೇ ಊರಿನ ಇನ್ನೊಬ್ಬ ಶಾಮಿಯಾನದವನು ಆ್ಯಪ್ ಮಾಡಿಸಿದ್ದಾನೆ ಎಂದು ಗೊತ್ತಾದ ಮೇಲೆ ಬೇಕಾಯಿತು.

"ಅವಂದಕ್ಕಿಂತ ಒಂದ್ ಕೈ ಮೇಲಿರ್ಬೇಕು ಕಣೇ," ಎಂದರು. ಯಾವುದರಲ್ಲಿ ಮೇಲೆ ಎಂದು ಕೇಳಿದರೆ, "ಅದ್ ನಿಂಗ್ ಗೊತ್ತಿರ್ಬೇಕು, ಓದ್ದೋಳು ನೀನು," ಎಂದು ಪಾತ್ರೆ ಜೋಡಿಸಲು ಹೊರಟುಹೋದರು.

ನಾನು ಮೊದಲು ಹಿಡಿದದ್ದು ಎಲ್ಲರೂ ಬಳಸುವ, ಎಲ್ಲದರ ಬಗ್ಗೆಯೂ ಮಾತಾಡುವ ಒಂದು ಎಐ ಮಾಡೆಲ್. ಅಡುಗೆ, ಜಾತಕ, ಪ್ರಬಂಧ, ಕಂಪ್ಯೂಟರ್ ಕೋಡ್, ಏನು ಕೇಳಿದರೂ ಹಿಂದೆ ಮುಂದೆ ನೋಡದೆ ಒದರುವಂಥದ್ದು. ನಾನು ಬಾಯಿ ತೆರೆದರೆ ಸಾಕು, ಎಂಥ ಒಳ್ಳೆಯ ಪ್ರಶ್ನೆ ಎಂದು ಹೊಗಳುತ್ತಿತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಪ್ರಶ್ನೆಯನ್ನು ಒಳ್ಳೆಯದು ಎಂದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ, ಹಾಗಾಗಿ ಅದರ ಮೇಲೆ ನನಗೆ ಸ್ವಲ್ಪ ಮಮತೆ ಹುಟ್ಟಿತ್ತು. ಒಂದೇ ಮಧ್ಯಾಹ್ನಕ್ಕೆ ಚೆಂಡುಹೂವಿನ ಬಣ್ಣದಲ್ಲಿ ಸೈಟು ಎದ್ದು ನಿಂತಿತು. ಕಾರ್ಯಕ್ರಮ ಯಾವುದೆಂದು ಆರಿಸಿ, ವಿಳಾಸ ಕೊಟ್ಟು ಬಟನ್ ಒತ್ತಿದರೆ ಪರದೆಯ ತುಂಬ ಬಣ್ಣದ ಕಾಗದದ ಚೂರುಗಳು ಉದುರುತ್ತಿದ್ದವು. ನಡುವೆ ದಪ್ಪ ಅಕ್ಷರದಲ್ಲಿ, "ಅಭಿನಂದನೆಗಳು! ನಿಮ್ಮ ಸಂಭ್ರಮದಲ್ಲಿ ನಾವೂ ಭಾಗಿ. ಮತ್ತೆ ಬನ್ನಿ!"

ಇದಕ್ಕೆ ಮನಸೋತವಳು ನನ್ನ ಅಜ್ಜಿ, ಮಾವನ ತಾಯಿ. ಅವಳು ದಿನವೆಲ್ಲ ಅಂಗಡಿಯಲ್ಲಿ ಮಡಿಸಿಟ್ಟ ಜಮಖಾನಗಳ ಮೇಲೆ ಕೂತು ಬಂದವರನ್ನೆಲ್ಲ ಕಿಚಾಯಿಸುತ್ತಿದ್ದಳು. ಉದುರುವ ಕಾಗದ ನೋಡುವ ಆಸೆಗೆ ಮಾವನ ಫೋನ್ ಇಸಿದುಕೊಂಡು ತನಗೇ ಮದುವೆ ಬುಕ್ ಮಾಡತೊಡಗಿದಳು. ಹೆಣ್ಣಿನ ಹೆಸರಿನ ಜಾಗದಲ್ಲಿ ತನ್ನ ಹೆಸರು, ಗಂಡಿನ ಜಾಗ ಖಾಲಿ.

"ಗಂಡ್ ಯಾರಜ್ಜಿ?" ಎಂದೆ.

"ಅವನ್ಯಾಕೆ ಬುಡು. ಊಟಕ್ಕೆ ಒಂದೆಲೆ ಕಮ್ಮಿ ಆಯ್ತದೆ."

ಮಾವ ಪ್ರತಿ ಸಲವೂ ಕ್ಯಾನ್ಸಲ್ ಮಾಡುತ್ತಿದ್ದರು. "ಅವ್ವ, ಈ ಲಗ್ನಕ್ಕೆ ಕುರ್ಚಿ ಖಾಲಿ ಇಲ್ಲ ಕಣವ್ವ," ಎನ್ನುತ್ತಿದ್ದರು.

ನಾನು ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲವನ್ನೂ ಒತ್ತಿ ನೋಡಿದ್ದೆ. ಸಾವನ್ನು ಒತ್ತಿ ನೋಡಿರಲಿಲ್ಲ. ಶಾಮಿಯಾನದವರಿಗೆ ಅರ್ಧ ಕೆಲಸ ಇರುವುದೇ ಅಲ್ಲಿ. ಸಾವಿನ ಮನೆಗೆ ಹೋದಾಗ ಮಾವನ ಹುಡುಗರು ಆಟೋದ ಹಾರ್ನ್ ಕೂಡ ಹೊಡೆಯುವುದಿಲ್ಲ. ಗೂಟ ಹೊಡೆದು, ಬಟ್ಟೆ ಕಟ್ಟಿ, ಕುರ್ಚಿ ಹಾಕಿ ಸುಮ್ಮನೆ ಹೊರಡುತ್ತಾರೆ. ಬೇರೆ ಯಾವ ಮನೆಯಿಂದ ಹೊರಡುವಾಗಲೂ 'ಬರ್ತೀವಿ' ಎಂದೇ ಹೇಳುವ ಜನ ನಾವು, ಅಲ್ಲಿ ಮಾತ್ರ ಹಾಗೆನ್ನಬಾರದು. ಮತ್ತೆ ಬರುತ್ತೇವೆ ಎಂದರೆ ನಿಮ್ಮ ಮನೆಯಲ್ಲಿ ಇನ್ನೊಂದು ಸಾವಾಗಲಿ ಎಂದ ಹಾಗೆ.

ಗೂಳೂರಿನ ಒಂದು ಮನೆಯಲ್ಲಿ ಹಿರಿಯರು ತೀರಿಕೊಂಡರು. ಅಳಿಯ ಫೋನಿನಲ್ಲಿ ನಮ್ಮ ಸೈಟು ತೆರೆದು ಬುಕ್ ಮಾಡಿದರು. ಹೆಣದ ಪಕ್ಕ ನಿಂತಿದ್ದ ಆ ಮನುಷ್ಯನ ಕೈಯಲ್ಲಿ ಬಣ್ಣದ ಕಾಗದ ಉದುರಿತು. ಅಭಿನಂದನೆ ಬಂತು. ಮತ್ತೆ ಬನ್ನಿ ಎಂಬ ಕರೆಯೂ ಬಂತು. ಅವರು ಜಗಳ ಮಾಡಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ಅಂಗಡಿಗೆ ಬಂದು, ಫೋನ್ ತೋರಿಸಿ, "ಇದೇನ್ ಸ್ವಾಮಿ?" ಎಂದು ಕೇಳಿ ಹೋದರು.

ಮಾವ ನನಗೆ ಫೋನ್ ಮಾಡಿದರು. "ಮದ್ವೆಗೆ ಬೇರೆಯೋರ್ ಹತ್ರ ಹೋಗೋ ಜನಾನೂ ಸಾವಿಗೆ ನಮ್ಮನ್ನೇ ಕರೀತಿದ್ರು. ನಮ್ಮಪ್ಪನ ಕಾಲದಿಂದ ಇದ್ದಿದ್ದು ಅದೊಂದೇ ಹೆಸ್ರು. ಇನ್ನೊಂದ್ ಸಲ ಹಿಂಗಾದ್ರೆ ಸೈಟೂ ಬ್ಯಾಡ, ನಿನ್ ಕಂಪ್ಯೂಟ್ರೂ ಬ್ಯಾಡ." ಅವರು ಕೂಗಾಡಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಮೆಲ್ಲಗೆ ಹೇಳಿದರು, ನನಗೆ ನಾಚಿಕೆಯಾಯಿತು.

ಬಾಯಿಬಡುಕ ಮಾಡೆಲ್‌ಗೆ ಉಗಿದೆ. ಅದು ಒಂದು ಪುಟದಷ್ಟು ಕ್ಷಮೆ ಕೇಳಿತು. ಕಾಗದದ ಚೂರು ತೆಗೆದು ಹಣತೆಯ ಚಿತ್ರ ಹಾಕಿತು. ಕೆಳಗೆ, "ನಿಮ್ಮ ದುಃಖದಲ್ಲಿ ನಾವಿದ್ದೇವೆ. ನಿಮ್ಮ ಅನುಭವಕ್ಕೆ ಎಷ್ಟು ಸ್ಟಾರ್ ಕೊಡುತ್ತೀರಿ? ಮತ್ತೆ ಭೇಟಿಯಾಗೋಣ!" ಈ ಗಡಿಬಿಡಿಯಲ್ಲಿ ನಾಮಕರಣದ ಬಟನ್ ಕೆಲಸ ನಿಲ್ಲಿಸಿತು. ನನಗೆ ನಗು ಬಂತು, ಅದರ ಹಿಂದೆಯೇ ಕೆಟ್ಟ ಸಿಟ್ಟು ಬಂತು.

ಕುಣಿಗಲ್‌ನಲ್ಲಿ ನನ್ನಂತೆಯೇ ಸೈಟು ಮಾಡುವ ಗೆಳತಿ ಒಬ್ಬಳಿದ್ದಾಳೆ. ಅವರ ಮನೆಯವರ ಬಳೆ ಅಂಗಡಿಯ ಹಿಂದಿನ ಕೋಣೆಯೇ ಅವಳ ಆಫೀಸು. "ಊರೋರ್ಗೆಲ್ಲ ಕಥೆ ಹೇಳೋದನ್ನ ಕೂರಿಸ್ಕೊಂಡು ಕೋಡ್ ಬರಿ ಅಂದ್ರೆ ಇನ್ನೇನಾಗುತ್ತೆ?" ಎಂದಳು. "ಕೋಡಿಗೆ ಅಂತಾನೇ ಬೇರೆ ಮಾಡೆಲ್ ಅವೆ ಕಣೇ. ಅದ್ರಲ್ಲೊಂದು ತಗೋ."

ಯಾವುದನ್ನು? ಅಂತರ್ಜಾಲದಲ್ಲಿ ನೋಡಿದರೆ ಪ್ರತಿಯೊಂದೂ ತಾನೇ ಬರೆದುಕೊಂಡ ಅಂಕಪಟ್ಟಿಯಲ್ಲಿ ಫಸ್ಟ್ ರ‍್ಯಾಂಕ್. ನಾನೇ ಒಂದು ಪರೀಕ್ಷೆ ಇಟ್ಟೆ. ಮದುವೆಗೆ ಕಾಗದದ ಚೂರು ಹಾಗೇ ಇರಲಿ. ಸಾವನ್ನು ಆರಿಸಿದರೆ ಕೊನೆಯಲ್ಲಿ ಒಂದೇ ಸಾಲು ಬರಲಿ, ಚಿತ್ರ, ಸ್ಟಾರ್, ಇನ್ನೊಂದು ಬಟನ್ ಏನೂ ಬೇಡ. ನೆಟ್‌ವರ್ಕ್ ಸರಿಯಾಗಿ ಸಿಗದ ಕಡೆ ಹಳೆಯ ಫೋನಿನಲ್ಲೂ ತೆರೆಯಬೇಕು.

ಬಹಳ ದೊಡ್ಡ ಹೆಸರಿನ ಕೋಡ್ ಮಾಡೆಲ್ ಒಂದು, ಒಂದು ಸಾಲು ಕೇಳಿದರೆ ನಮ್ಮ ತುಮಕೂರಿನ ಸತ್ಯಮಂಗಲದ ಕಾರ್ಖಾನೆಯಷ್ಟು ಕೋಡ್ ಎಬ್ಬಿಸಿತು. ಲಾಗಿನ್ ಇಟ್ಟಿತು, ಒಟಿಪಿ ಇಟ್ಟಿತು. ಅದರ ಪ್ರಕಾರ ತಂದೆಯನ್ನು ಕಳೆದುಕೊಂಡವನು ಪಾಸ್‌ವರ್ಡಿನಲ್ಲಿ ಒಂದು ದೊಡ್ಡಕ್ಷರವನ್ನೂ ಒಂದು ಚಿಹ್ನೆಯನ್ನೂ ಹಾಕದೆ ಅಳುವ ಹಾಗಿರಲಿಲ್ಲ. ಇನ್ನೊಂದು ಸಣ್ಣದು, ನನ್ನ ಕಂಪ್ಯೂಟರಿನಲ್ಲೇ ಓಡುವಂಥದ್ದು. ಅದಕ್ಕೆ ಕನ್ನಡ ಅಷ್ಟಕ್ಕಷ್ಟೆ. ಹೊಗಳಲಿಲ್ಲ, ಕ್ಷಮೆ ಕೇಳಲಿಲ್ಲ, ಹೇಗಿದ್ದೀರಿ ಎನ್ನಲಿಲ್ಲ. ಹೇಳಿದಷ್ಟು ಕೋಡ್ ಬರೆಯಿತು, ಆ ಒಂದು ಸಾಲಿನ ಜಾಗವನ್ನು ಖಾಲಿ ಬಿಟ್ಟು ಸುಮ್ಮನಾಯಿತು. ಸಾವಿನ ಮನೆಯ ರೀತಿ ಅದಕ್ಕೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದ ಕಡೆ ಬಾಯಿ ಹಾಕಲಿಲ್ಲ. ನಮ್ಮ ನೆಂಟರಲ್ಲೂ ಇಂಥವರು ಕಡಿಮೆ. ನಾನು ಅದನ್ನೇ ಆರಿಸಿದೆ.

ಖಾಲಿ ಜಾಗಕ್ಕೆ ಏನು ಬರೆಯುವುದೆಂದು ಮಾವನನ್ನು ಕೇಳಿದೆ. ಸಾವಿನ ಮನೆಯವರು ಫೋನ್ ಮಾಡಿದರೆ ನೀವು ಏನೆನ್ನುತ್ತೀರಿ?

"ಏನನ್ನೋದು? ಹುಡುಗ್ರು ಹೊರಟವ್ರೆ ಅಂತೀನಿ. ಫೋನ್ ಇಡ್ತೀನಿ."

'ಹುಡುಗರು ಹೊರಟಿದ್ದಾರೆ' ಎಂದು ಬರೆದೆ. ಗುಬ್ಬಿಗೆ ಹೋಗಿ ತೋರಿಸಿದೆ. ಮಾವ ಒತ್ತಿ ನೋಡಿ, ಆಮೇಲೆ ಏನು ಬರುತ್ತದೆ ಎಂದು ಕಾದರು. ಏನೂ ಬರುವುದಿಲ್ಲ ಎಂದೆ. ಇನ್ನೊಂದು ಗಳಿಗೆ ಆ ಸಾಲನ್ನೇ ನೋಡಿ, "ಇರ್ಲಿ ಬಿಡು," ಎಂದರು. ಅವರ ಬಾಯಲ್ಲಿ ಅದು ದೊಡ್ಡ ಶಹಬ್ಬಾಸ್.

ಅಜ್ಜಿ ಜಮಖಾನದ ಮೇಲಿಂದ ಬಗ್ಗಿ ನೋಡಿದಳು. "ಇದ್ರಲ್ಲಿ ಏನೂ ಉದುರಾಕಿಲ್ವೇನೇ?"

"ಇಲ್ಲಜ್ಜಿ."

"ಹಂಗಾದ್ರೆ ನಂಗ್ ಇದು ಬ್ಯಾಡ. ನಂಗೆ ಉದುರೋದೇ ಇರ್ಲಿ."

ಸೈಟು ಚೆನ್ನಾಗಿ ನಡೆಯಿತು. ಗೂಳೂರಿನ ಅದೇ ಅಳಿಯ, ಮುಂದೊಂದು ದಿನ ನೆಂಟರ ಮನೆಯ ಸಾವಿಗೆ ಅದರಲ್ಲೇ ಬುಕ್ ಮಾಡಿದರು. ಮಾವ ಅದನ್ನು ನನಗೆ ಎರಡು ಸಲ ಫೋನ್ ಮಾಡಿ ಹೇಳಿದರು.

ಒಂದು ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ ನನ್ನ ಫೋನ್ ಸದ್ದು ಮಾಡಿತು. ಆ ಸೈಟಿನ ಬುಕಿಂಗ್ ಎಲ್ಲವೂ ಮಾವನಿಗೆ, ಅವರ ಹುಡುಗರಿಗೆ, ಜೊತೆಗೆ ನನಗೂ ಬರುತ್ತವೆ. ಸಾವು, ಗುಬ್ಬಿ ಎಂದಿತ್ತು. ಬೀದಿ ನೋಡಿದೆ, ಮನೆ ನಂಬರು ನೋಡಿದೆ. ಮಾವನದೇ ಮನೆ. ಅಜ್ಜಿ ಈ ಸಲ ಬೇರೆ ಬಟನ್ ಒತ್ತಿದ್ದಾಳೆ ಎಂದು ಜೋರಾಗಿ ನಕ್ಕೆ. ಬೈಯೋಣವೆಂದು ಫೋನ್ ಮಾಡಿದೆ. ಮಾವ ಎತ್ತಿಕೊಂಡರು, ಆದರೆ ಮಾತಾಡಲಿಲ್ಲ. ಅವರು ಉಸಿರಾಡುವುದು ಕೇಳುತ್ತಿತ್ತು. ಆಗ ತಿಳಿಯಿತು.

ನಾನು ಹೋಗುವಷ್ಟರಲ್ಲಿ ಮನೆ ಮುಂದೆ ಅವರದೇ ಶಾಮಿಯಾನ ಎದ್ದಿತ್ತು. ಅಜ್ಜಿಯನ್ನು ಮಣ್ಣು ಮಾಡಿ ಬಂದ ಮೇಲೆ ಮಾವ ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. "ಅವ್ವ ಹೋಯ್ತು ಅಂತ ಹುಡುಗ್ರಿಗೆ ಬಾಯ್ಬಿಟ್ಟು ಹೇಳಾಕ್ ಆಗ್ಲಿಲ್ಲ ಕಣೇ. ಅದನ್ನ ಒತ್ತಿದೆ. ಹುಡುಗರು ಹೊರಟಿದ್ದಾರೆ ಅಂತ ಬಂತು. ಅದನ್ನೇ ನೋಡ್ಕೊಂಡು ಕೂತಿದ್ದೆ."

ಸಂಜೆ ಎದ್ದೆ. ಆ ಮನೆಯಿಂದ ಹೊರಡುವಾಗ ಹುಟ್ಟಿದಾಗಿನಿಂದ ಮೊದಲ ಸಲ ಬರ್ತೀನಿ ಎನ್ನದೆ ಚಪ್ಪಲಿ ಮೆಟ್ಟಿಕೊಂಡೆ.

ತುಮಕೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಸೈಟು ತೆರೆದು ಮದುವೆ ಎಂದು ಆರಿಸಿದೆ. ಹೆಣ್ಣಿನ ಜಾಗದಲ್ಲಿ ಅಜ್ಜಿಯ ಹೆಸರು ಬರೆದೆ, ಗಂಡಿನ ಜಾಗ ಖಾಲಿ ಬಿಟ್ಟೆ. ಬಟನ್ ಒತ್ತಿದೆ. ಕಾಗದದ ಚೂರುಗಳೆಲ್ಲ ಉದುರಿ ಮುಗಿಯುವವರೆಗೂ ನೋಡುತ್ತಾ ಅತ್ತೆ. ಪಕ್ಕದ ಸೀಟಿನ ಹೆಂಗಸು ಪರದೆ ನೋಡಿ, ಯಾರ ಮದುವೆಯಮ್ಮ ಎಂದು ಕೇಳಿದಳು. ನಮ್ಮಜ್ಜಿದು ಎಂದೆ.

ಬುಕಿಂಗ್ ಆಗಲೇ ಮಾವನ ಫೋನಿಗೂ ಹೋಗಿರುತ್ತದೆ. ಅವರು ಅದರ ಬಗ್ಗೆ ನನ್ನನ್ನು ಏನೂ ಕೇಳಿಲ್ಲ. ಕ್ಯಾನ್ಸಲ್ ಕೂಡ ಮಾಡಿಲ್ಲ.