ವಸ್ತಿ ಮಾಡದ ಬೀಗರು

ಮಿರ್ಚಿ ಬಜ್ಜಿಯನ್ನು ಕಟ್ಟಿಕೊಡಲು ಹಳೆಯ ದಿನಪತ್ರಿಕೆಗಿಂತ ಯೋಗ್ಯವಾದ ವಸ್ತು ಇನ್ನೂ ಹುಟ್ಟಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಎಣ್ಣೆಯನ್ನು ಹೀರುತ್ತದೆ, ಸುದ್ದಿಯನ್ನು ಮಸುಕು ಮಾಡುತ್ತದೆ. ಎರಡೂ ನನ್ನಂಥ ವಯಸ್ಸಾದವರಿಗೆ ಹಿತಕರ. ಆದರೆ ನಿನ್ನೆ ಸಂಜೆ ಮನೆಗೆ ಬಂದ ಅತಿಥಿಯೊಬ್ಬರ ಸಲುವಾಗಿ ಇಳಕಲ್ಲಿನ ಬಸ್ ನಿಲ್ದಾಣದ ಎದುರು ನಾನು ಕೊಂಡ ಬಜ್ಜಿಗಳು ಒಂದು ನುಣುಪಾದ ಬಣ್ಣದ ಕಾಗದದಲ್ಲಿ ಬಂದವು. ಎಣ್ಣೆಯೊಂದಿಗೆ ಯಾವ ಸಂಬಂಧವನ್ನೂ ಒಪ್ಪದ ಆ ಕಾಗದ ಅದನ್ನು ನೇರವಾಗಿ ನನ್ನ ಧೋತರಕ್ಕೆ ವರ್ಗಾಯಿಸಿತು. ಇಷ್ಟು ನಿರುಪಯೋಗಿ ಕಾಗದದ ಮೇಲೆ ಅಚ್ಚಾಗುವ ಯೋಗ್ಯತೆ ಯಾವ ಬರಹಕ್ಕೆ ಬಂತು ಎಂದು ಅಲ್ಲೇ ಬೀದಿದೀಪದ ಕೆಳಗೆ ನಿಂತು ಬಿಚ್ಚಿ ನೋಡಿದೆ. ಪ್ರವಾಸಿಗರಿಗಾಗಿ ಯಾರೋ ಅಚ್ಚು ಹಾಕಿಸಿದ ಕೈಪಿಡಿ. ‘ನೋಡಿ, ಮಾಡಿ, ತಿನ್ನಿ’ ಎಂದು ಮೂರು ಆಜ್ಞೆಗಳು ದಪ್ಪಕ್ಷರದಲ್ಲಿದ್ದವು.

ಬಾದಾಮಿಗೆ ಪುಟಗಟ್ಟಲೆ ಜಾಗ. ಗುಹೆಗಳು, ಕೆರೆ, ಬನಶಂಕರಿಯ ಹೊಂಡ, ಮಲಪ್ರಭೆಯ ದಂಡೆಯ ಶಿವಯೋಗ ಮಂದಿರ, ಎಲ್ಲವೂ ಇದ್ದವು. ಬಾದಾಮಿಯ ಮಂಗಗಳಿಗೂ ಪ್ರತ್ಯೇಕ ಒಂದು ಚಿತ್ರ ದೊರಕಿತ್ತು. ಇಳಕಲ್ಲಿಗೆ ಸಿಕ್ಕದ್ದು ಕಡೆಯ ಪುಟದ ಒಂದೇ ವಾಕ್ಯ: ದಾರಿಯಲ್ಲಿ ಅರ್ಧ ಗಂಟೆ ನಿಂತು ಸೀರೆ ಖರೀದಿಸಬಹುದು. ‘ಅರ್ಧ ತಾಸು’ ಎಂದಿದ್ದರೆ ನಮ್ಮ ಸೀಮೆಯವನೇ ಬರೆದ ಎಂದು ಅರ್ಧ ಸಿಟ್ಟು ಇಳಿಯುತ್ತಿತ್ತು. ಅದರ ಪಕ್ಕದ ಚಿತ್ರದಲ್ಲಿದ್ದ ಸೀರೆಯನ್ನು ನೋಡಿದ ಮೇಲೆ ಉಳಿದರ್ಧವೂ ಏರಿತು. ಇಳಕಲ್ಲಿನ ಸೀರೆಯ ಕೆಂಪು ಸೆರಗಿನ ಎಳೆಗಳೇ ಬೇರೆ, ಒಡಲಿನ ಎಳೆಗಳೇ ಬೇರೆ. ಒಂದೊಂದು ಎಳೆಯನ್ನೂ ಒಂದರೊಳಗೊಂದು ಸಿಕ್ಕಿಸಿ ಜೋಡಿಸುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಚಿತ್ರದಲ್ಲಿದ್ದ ಸೆರಗು ಅಚ್ಚು ಒತ್ತಿದ್ದು. ಅದನ್ನು ನಮ್ಮೂರಿನದೆಂದು ತೋರಿಸುವುದಕ್ಕಿಂತ ನಮ್ಮನ್ನು ಕೈಪಿಡಿಯಿಂದ ಪೂರ್ತಿ ಬಿಟ್ಟಿದ್ದರೆ ಮರ್ಯಾದೆ ಉಳಿಯುತ್ತಿತ್ತು.

ಓದುಗರೇ, ಈ ‘ಅರ್ಧ ಗಂಟೆ’ ನನ್ನನ್ನು ಇಷ್ಟೇಕೆ ಕೆರಳಿಸಿತು ಎಂಬುದಕ್ಕೆ ಒಂದು ಪೂರ್ವಚರಿತ್ರೆ ಇದೆ. ನಾನು ಹುನಗುಂದದ ತಾಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು. ಯಾವ ಕಾಗದ ಯಾವ ಟೇಬಲ್ಲಿನ ಮೇಲೆ ಎಷ್ಟು ಕಾಲ ಕೊಳೆಯಿತು ಎಂಬುದನ್ನು ನೆನಪಿಡುವುದೇ ನನ್ನ ಉದ್ಯೋಗವಾಗಿತ್ತು. ಉದ್ಯೋಗ ಹೋಯಿತು, ನೆನಪು ಹೋಗಲಿಲ್ಲ. ಆ ನೆನಪಿನ ಮೊದಲ ಸಾಲಿನಲ್ಲಿ ಕೂತವರು ಬಾದಾಮಿಯ ನನ್ನ ಬೀಗರು.

ನನ್ನ ಮಗಳನ್ನು ಅವರ ಮಗನಿಗೆ ಕೊಟ್ಟಿದ್ದೇನೆ. ಹುಡುಗ ಒಳ್ಳೆಯವನು, ಅವನ ಮೇಲೆ ನನಗೆ ಯಾವ ತಕರಾರೂ ಇಲ್ಲ, ಹುಡುಕಿ ನೋಡಿದ್ದೇನೆ. ತಕರಾರು ಬೀಗರ ಮೇಲೆ. ಗುಹೆಗಳ ಕೆಳಗೆ ಹುಟ್ಟಿ ಬೆಳೆದ ಅವರು ಆ ಗುಹೆಗಳನ್ನು ತಮ್ಮ ಅಜ್ಜನೇ ಚಾಣ ಹಿಡಿದು ಕೊರೆದಂತೆ ಮಾತನಾಡುವವರು. ಮಾತುಕತೆಗೆಂದು ಮೊದಲ ಸಲ ನಮ್ಮ ಮನೆಗೆ ಬಂದ ದಿನವೇ, ಚಹಾದ ಬಸಿ ಕೆಳಗಿಡುತ್ತ, ಸುತ್ತಲೂ ಒಮ್ಮೆ ಕಣ್ಣಾಡಿಸಿ ಕೇಳಿದರು.

“ನಿಮ್ಮೂರಾಗ ನೋಡೂದು ಏನೈತ್ರಿ ಬೀಗರ?”

ಲಗ್ನ ಇನ್ನೂ ನಿಶ್ಚಯವಾಗಿರಲಿಲ್ಲ. ಬೀಗರೆಂದು ಕರೆಯುವ ಆತುರ ಇತ್ತು, ಊರಿನ ಮೇಲೆ ಗೌರವ ಇರಲಿಲ್ಲ. ಲಗ್ನದಲ್ಲಿ, ಹೆಣ್ಣಿನ ಸೀರೆಯ ಸೆರಗನ್ನು ಬೆರಳಿನಲ್ಲಿ ತಿಕ್ಕಿ ನೋಡಿ, ಒಡಲು ಒಂದು ಸೆರಗು ಒಂದು ಮಾಡಿ ಜೋಡಿಸಿದ್ದಾರೆ, ಚೆನ್ನಾಗಿ ತ್ಯಾಪಿ ಹಚ್ಚುತ್ತೀರಿ ಎಂದರು. ತ್ಯಾಪಿ ಎಂದರೆ ಹರಿದ ಬಟ್ಟೆಗೆ ಹಚ್ಚುವ ತುಂಡು. ಕೊಂಡಿಗೆ ಆ ಮಾತನ್ನು ಬಳಸಿದ ಮನುಷ್ಯನನ್ನು ನಾನು ಮೊದಲ ಸಲ ಕಂಡೆ. ಮಗಳ ಮುಖ ನೋಡಿ ಸುಮ್ಮನಾದೆ. ಸುಮ್ಮನಾದದ್ದನ್ನು ಅವರು ಒಪ್ಪಿಗೆ ಎಂದು ತಿಳಿದುಕೊಂಡರು.

ಇವೆಲ್ಲ ಸಣ್ಣ ಪ್ರಕರಣಗಳು. ದೊಡ್ಡದು ವಸ್ತಿಯ ವಿಚಾರ. ನಮ್ಮ ಕಡೆ ಬೀಗರಾದವರು ಬಂದರೆ ಒಂದು ರಾತ್ರಿಯಾದರೂ ಉಳಿಯಬೇಕು. ಉಂಡು ಎದ್ದು ಹೋಗುವವನು ಗಿರಾಕಿ. ಮಲಗಿ ಎದ್ದು ಹೋಗುವವನು ಸಂಬಂಧಿಕ. ಸಂಜೆಗೆ ಒಂದು ಹಳ್ಳಿಗೆ ಹೋಗಿ, ಅಲ್ಲೇ ರಾತ್ರಿ ಕಳೆದು, ಬೆಳಿಗ್ಗೆ ಹೊರಡುವ ಸರಕಾರಿ ಬಸ್ಸಿಗೂ ನಾವು ವಸ್ತಿ ಬಸ್ಸು ಎಂದೇ ಹೆಸರಿಟ್ಟಿದ್ದೇವೆ. ಡ್ರೈವರ್, ಕಂಡಕ್ಟರ್ ಯಾರದೋ ಪಡಸಾಲೆಯಲ್ಲಿ ಮಲಗಿ ಆ ಊರಿನವರಾಗುತ್ತಾರೆ. ಬಸ್ಸು ಮಾಡುವ ಮರ್ಯಾದೆಯನ್ನು ನನ್ನ ಬೀಗರು ಮಾಡಲಿಲ್ಲ. ಎಷ್ಟು ಸಲ ಬಂದರೂ, ಊಟ ಮಾಡಿ, ಎಲೆಯಡಿಕೆ ಹಾಕಿ, ಹೊತ್ತು ಇಳಿಯುವ ಮೊದಲೇ ಟೋಪಿ ಕೊಡವಿ ಎದ್ದು ನಿಲ್ಲುವರು. ನನ್ನ ಹೆಂಡತಿ ಬಾಗಿಲಿಗೆ ಬಂದು, “ವಸ್ತಿ ಮಾಡ್ರಿ ಅಣ್ಣಾರ” ಎನ್ನುವಳು. ಅವರು ಕಮತಗಿಯ ಮೇಲೆ ಬಾದಾಮಿಗೆ ಹೋಗುವ ಬಸ್ಸು ತಪ್ಪುತ್ತದೆ ಎನ್ನುವರು. ಬೀಗತಿಯವರು ಬಂದಾಗಲೂ ಅಷ್ಟೇ. ಆಕೆ ಇನ್ನೂ ಅಡುಗೆಮನೆಯಲ್ಲಿ ನನ್ನ ಹೆಂಡತಿಯ ಗುರೆಳ್ಳು ಚಟ್ನಿಯ ಹದ ಕೇಳುತ್ತಿರುವಾಗಲೇ ಇವರು ಅಂಗಳದಲ್ಲಿ ಚಪ್ಪಲಿ ಮೆಟ್ಟಿ ನಿಂತಿರುವರು.

ಅವರಿಗಾಗಿ ಒಂದು ಕೌದಿಯನ್ನೇ ಹೊಲಿಯಲಾಗಿತ್ತು ಎಂಬುದನ್ನು ಇಲ್ಲಿ ದಾಖಲಿಸಬೇಕು. ನನ್ನ ತಾಯಿಯ ಹಳೆಯ ಇಳಕಲ್ ಸೀರೆಗಳನ್ನು ಪದರ ಪದರವಾಗಿ ಹಾಸಿ, ನನ್ನ ಹೆಂಡತಿ ಮಗಳ ಲಗ್ನದ ವರ್ಷ ಹೊಲಿದ ಕೌದಿ. ಬೀಗರು ವಸ್ತಿಗೆ ಬಂದಾಗ ತೆಗೆಯಬೇಕೆಂದು ಡಾಂಬರ ಗುಳಿಗೆ ಹಾಕಿ ಟ್ರಂಕಿನಲ್ಲಿಟ್ಟಳು. ಗುಳಿಗೆಗಳು ಕರಗಿದವು, ಹೊಸವು ಬಂದವು, ಅವೂ ಕರಗಿದವು. ಕೌದಿ ಹೊರಗೆ ಬರಲಿಲ್ಲ.

ನಾನಾದರೋ ಬಾದಾಮಿಯಲ್ಲಿ ವಸ್ತಿ ಮಾಡಿದವನು. ಹೋದಾಗಲೆಲ್ಲ ಬೀಗರು ನನ್ನನ್ನು ಗುಹೆಗಳಿಗೆ ಹತ್ತಿಸುವರು. ಮೊಣಕಾಲು ಬೇಡವೆನ್ನುವ ವಯಸ್ಸಿಗೆ ಬಂದ ಮೇಲೂ ಹತ್ತಿಸಿದರು. ಶಿಲ್ಪ ಸುಂದರವಾಗಿದೆ ಎಂಬುದನ್ನು ನಾನು ಅಲ್ಲಗಳೆಯಲಾರೆ, ಆದರೆ ಸುಂದರವಾದದ್ದನ್ನು ತೋರಿಸಿ ಪ್ರತಿಸಲವೂ ಪಕ್ಕದಲ್ಲಿ ನಿಂತು, “ಹೆಂಗೈತ್ರಿ?” ಎಂದು ಕೇಳುವವನಿದ್ದರೆ ಅದು ಅರ್ಧ ಸುಂದರವಾಗುತ್ತದೆ. ಅಲ್ಲಿಗೆ ಬರುವ ಪ್ರವಾಸಿಗರ ವಿಷಯ ಹೇಳಿ ಪ್ರಯೋಜನವಿಲ್ಲ. ಶಿಲ್ಪಕ್ಕೆ ಬೆನ್ನು ತಿರುಗಿಸಿ, ಫೋನಿನಲ್ಲಿ ತಮ್ಮ ಮುಖವನ್ನೇ ನೋಡಿಕೊಂಡು ಮರಳುತ್ತಾರೆ. ಅದಕ್ಕೆ ಅವರವರ ಮನೆಯ ಕನ್ನಡಿ ಸಾಕಿತ್ತು. ಬನಶಂಕರಿಯಲ್ಲಿ ಬುಟ್ಟಿ ಇಟ್ಟುಕೊಂಡು ರೊಟ್ಟಿ, ಕಾಳುಪಲ್ಯ, ಗಡಿಗೆಯ ಮೊಸರು ಮಾರುವ ಅಮ್ಮಂದಿರ ಎದುರು ಕೂತು, ರೊಟ್ಟಿಯನ್ನು ಚಮಚದಿಂದ ಮುರಿಯಲು ನೋಡಿದ ಒಬ್ಬನನ್ನು ಈ ಕಣ್ಣುಗಳೇ ಕಂಡಿವೆ.

ಒಮ್ಮೆ ನಾನು ಬಸ್ಸಿಳಿದ ಕೂಡಲೇ, ಮನೆಗೂ ಕರೆದೊಯ್ಯದೆ, ಬೀಗರು ನೇರ ಗುಹೆಗೆ ನಡೆಸಿದರು. ಮಗಳಿಗೆಂದು ಅಮೀನಗಡದಲ್ಲಿ ಕೊಂಡ ಕರದಂಟಿನ ಚೀಲ ಕೈಯಲ್ಲೇ ಇತ್ತು. ಎರಡನೆಯ ಗುಹೆಯ ಮುಂದೆ ಒಂದು ಮಂಗ ಅದನ್ನು ಕಸಿದುಕೊಂಡು ಬಂಡೆಯ ತುದಿಯಲ್ಲಿ ಕೂತು, ಒಂದೊಂದೇ ತುಂಡನ್ನು, ಬಾದಾಮಿಯವರಿಗೆ ಸಹಜವಾದ ನಿಶ್ಚಿಂತೆಯಿಂದ ತಿನ್ನತೊಡಗಿತು. ಜನ ಕೂಡಿದರು. ಬೀಗರು ಆ ಜನರೆದುರಿಗೆ ಹೇಳಿದ ಮಾತನ್ನು ಅಕ್ಷರ ಬಿಡದೆ ಕೊಡುತ್ತೇನೆ.

“ನೋಡ್ರಿ ಬೀಗರ, ಮಂಗ್ಯಾಗೂ ಗೊತ್ತೈತಿ. ನಿಮ್ಮ ಕಡೆ ತಿನ್ನೂದು ಒಂದ ಐತಿ, ನೋಡೂದು ಏನೂ ಇಲ್ಲಂತ.”

ಜನ ನಕ್ಕರು. ಮನೆಗೆ ಬಂದ ಮೇಲೆ ನನ್ನ ಮಗಳೂ ನಕ್ಕಳು. ಅವಳು ಆಗಲೇ ಆ ಊರಿನವಳಾಗಿದ್ದಳು.

ನಮ್ಮೂರಿನಲ್ಲಿ ನೋಡುವುದು ಇರಲಿಲ್ಲವೆ? ಇತ್ತು. ನಮ್ಮ ಹಿಂದಿನ ಓಣಿಯಲ್ಲಿ ಬೆಳಗಿನ ಜಾವ ನೇಕಾರರು ಮಗ್ಗಕ್ಕೇರಿಸುವ ಹಾಸಿನ ಎಳೆಗಳನ್ನು ಓಣಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಸವರುತ್ತಿದ್ದರು. ಬಿಸಿಲೇರುವ ಮೊದಲು ಆ ಎಳೆಗಳ ಮೇಲೆ ಬೀಳುವ ಬೆಳಕನ್ನು ಯಾವ ಗುಹೆಯಲ್ಲೂ ನಾನು ಕಂಡಿಲ್ಲ. ಅದರ ಕೆಳಗೆ ಬಗ್ಗಿ ದಾಟುವ ಎಮ್ಮೆಗಳಿಗೂ ಎಳೆ ತಾಕಿಸಬಾರದೆಂಬ ತಿಳಿವಳಿಕೆ ಇತ್ತು. ಆದರೆ ಅದನ್ನು ನೋಡಬೇಕಾದರೆ ರಾತ್ರಿ ಇಲ್ಲಿ ಮಲಗಿರಬೇಕು. ಬೀಗರಿಗೆ ಅದನ್ನು ತೋರಿಸಬೇಕು, ತೋರಿಸಿ “ಹೆಂಗೈತ್ರಿ?” ಎಂದು ಒಮ್ಮೆಯಾದರೂ ಕೇಳಬೇಕು ಎಂಬ ಆಸೆಯನ್ನು ನಾನು ವರ್ಷಗಟ್ಟಲೆ ಸಾಕಿದೆ. ಅಷ್ಟರಲ್ಲಿ ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು. ರಸ್ತೆಯಾಚೆ ಕಲ್ಲು ಕೊಯ್ದು ಪಾಲಿಶ್ ಮಾಡುವ ಕಾರ್ಖಾನೆ ಬಂತು. ಅದು ಹಗಲುರಾತ್ರಿ ಗುಂಯ್ಗುಡುತ್ತದೆ; ಮುಂಜಾನೆ ತುಳಸಿಕಟ್ಟೆಯ ಮೇಲೆ ಕೆಂಪುಕಲ್ಲಿನ ಪುಡಿ ಕೂತಿರುತ್ತದೆ. ತೋರಿಸಬೇಕಾದದ್ದು ಹೋಯಿತು, ತೋರಿಸಬಾರದ್ದು ಬಂತು. ಬೀಗರು ಮಾತ್ರ ಯಾವುದಕ್ಕೂ ಉಳಿಯಲಿಲ್ಲ.

ನನ್ನ ಈ ಸಂಕಟವನ್ನು ಹೆಂಡತಿಯ ಮುಂದೆ ತೋಡಿಕೊಂಡರೆ ಆಕೆಯಿಂದ ಸಹಾನುಭೂತಿ ದೊರೆಯುವುದಿಲ್ಲ. ಆಕೆ ಹಳೆಯ ಬಾಗಲಕೋಟೆಯವಳು; ತವರುಮನೆಯ ಓಣಿ ಈಗ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. “ಇರೂ ಊರಿನ ಸಲುವಾಗಿ ಜಗಳಾಡ್ತೀರಿ, ಪುಣ್ಯವಂತರು” ಎಂದು ರೊಟ್ಟಿ ಬಡಿಯುವುದನ್ನು ಮುಂದುವರಿಸುತ್ತಾಳೆ.

ಹೋದ ವರ್ಷ ಬೀಗತಿಯವರು ತೀರಿಕೊಂಡರು. ಆ ಮೇಲೆ ಬೀಗರು ನಮ್ಮಲ್ಲಿಗೆ ಬಂದಿರಲಿಲ್ಲ. ಮೊನ್ನೆ ಮಧ್ಯಾಹ್ನ, ಒಂದು ಕೈಚೀಲ ಹಿಡಿದು, ಮುಂಚೆ ತಿಳಿಸದೆ ಬಂದು ಪಡಸಾಲೆಯಲ್ಲಿ ಕೂತರು. ಊಟ ಮಾಡಿದರು. ಎಣಗಾಯಿ ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ. ನೋಡುವುದೇನಿದೆ ಎಂದು ಕೇಳಲಿಲ್ಲ. ಬಸ್ಸಿನ ಹೊತ್ತಾಯಿತು, ಅವರು ಏಳಲಿಲ್ಲ. ರೂಢಿಯಂತೆ ನನ್ನ ಹೆಂಡತಿ ವಸ್ತಿ ಮಾಡ್ರಿ ಎಂದಳು.

“ಆತು, ಮಾಡ್ತೇನ್ರಿ ತಂಗಿ” ಎಂದರು.

ಇಷ್ಟು ವರ್ಷ ಕರೆದ ನಾವು ಈ ಉತ್ತರಕ್ಕೆ ಸಿದ್ಧರಾಗಿರಲಿಲ್ಲ. ಆಕೆ ನನ್ನ ಮುಖ ನೋಡಿದಳು, ನಾನು ಟ್ರಂಕಿನ ಕಡೆ ನೋಡಿದೆ. ಕೌದಿ ಹೊರಗೆ ಬಂತು. ಅದರ ಡಾಂಬರ ಗುಳಿಗೆಯ ವಾಸನೆಗೆ ಮನೆಯಲ್ಲೆಲ್ಲ ಸೀನು ಹತ್ತಿತು. ಬೀಗರು ಅದನ್ನು ಮೂಗಿನವರೆಗೂ ಎಳೆದುಕೊಂಡು ಮಲಗಿದರು.

ಬೆಳಿಗ್ಗೆ ಚಹಾ ಕೊಡುತ್ತ ನನ್ನ ಹೆಂಡತಿ ನಿದ್ದೆ ಬಂತೇ ಎಂದು ಕೇಳಿದಳು. ಅವರು ಬಸಿಯನ್ನು ನೋಡುತ್ತ ತಾವೇ ಒಂದು ಪ್ರಶ್ನೆ ಹಾಕಿದರು.

“ರಾತ್ರಿ ನಾ ಗೊರಕಿ ಹೊಡದ್ನೇನ್ರಿ?”

ಕೇಳಿಸಲಿಲ್ಲ ಎಂದೆ. ಅದು ಸತ್ಯ. ರಸ್ತೆಯಾಚೆಯ ಯಂತ್ರದ ಮುಂದೆ ನಮ್ಮ ಮನೆಯಲ್ಲಿ ಮನುಷ್ಯರು ಮಾಡುವ ಯಾವ ಸದ್ದೂ ಕೇಳಿಸುವುದಿಲ್ಲ.

“ನಮ್ಮಾಕಿ ಅಂತಿದ್ಳರಿ, ಬೀಗರ ಮನ್ಯಾಗ ಮಾತ್ರ ವಸ್ತಿ ಮಾಡಬ್ಯಾಡ್ರಿ, ನಿಮ್ಮ ಗೊರಕಿ ಕೇಳಿದ್ರ ಇಂಥಾ ಮನಿಗೆ ಕೊಟ್ಟೇವಲ್ಲಾ ಅಂತ ಮಗಳನ್ನ ವಾಪಸ್ ಕರಕೊಂಡು ಹೋಗ್ತಾರಂತ. ಅದಕ್ಕ ಎದ್ದು ಹೋಗ್ತಿದ್ನಿ. ನೀವು ನಮ್ಮಲ್ಲಿ ಬಂದಾಗ ಮಾಳಿಗಿ ಮ್ಯಾಲ ಮಲಗ್ತಿದ್ನಿ.” ಒಂದು ಗುಟುಕು ಕುಡಿದು ಮತ್ತೆ ಹೇಳಿದರು. “ಈಗ ಹೊಡಿತೇನೋ ಇಲ್ಲೋ, ಅದನ್ನ ಹೇಳಾಕಿನ ಇಲ್ಲ.”

ನನ್ನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ನನಗೆ ಬಂದದ್ದು, ನಿಜ ಹೇಳುವುದಾದರೆ, ಸಿಟ್ಟು. ಇಷ್ಟು ವರ್ಷ ಜತನದಿಂದ ಕಾಯ್ದುಕೊಂಡು ಬಂದ ಅವಮಾನವೊಂದು ಒಂದು ಬಸಿ ಚಹಾದ ಮುಂದೆ ಬರಿಯ ಗೊರಕೆಯಾಗಿ ಹೋಗುವುದನ್ನು ಯಾವ ಸ್ವಾಭಿಮಾನಿ ತಾನೆ ಸಹಿಸಿಯಾನು? ಈ ಮಾತನ್ನು ಮೊದಲ ವರ್ಷವೇ ಹೇಳಬಹುದಿತ್ತು. ನಮ್ಮೂರಿನಲ್ಲಿ ಗೊರಕೆಗೆ ಅಂಜುವ ಕಾರಣವೇ ಇಲ್ಲ, ಇದಕ್ಕಿಂತ ದೊಡ್ಡ ಗೊರಕೆಯನ್ನು ಸರಕಾರದ ಪರವಾನಿಗೆ ಪಡೆದು ಹೊಡೆಯುತ್ತಾರೆ ಎಂದು ನಾನೂ ತಿಳಿಸಬಹುದಿತ್ತು. ತ್ಯಾಪಿಯ ಮಾತು ಮತ್ತು ಮಂಗನ ಮಾತು ಇನ್ನೂ ಬಾಕಿ ಇವೆ ಎಂದು ಸಮಾಧಾನ ಮಾಡಿಕೊಂಡೆ.

ಓಣಿಯನ್ನು ತೋರಿಸಲೆಂದು ಅವರನ್ನು ಕರೆದೊಯ್ದೆ. ಹಾಸು ಇರಲಿಲ್ಲ, ನೇಕಾರರಿರಲಿಲ್ಲ. ಎಳೆ ಕಟ್ಟುತ್ತಿದ್ದ ಎರಡು ಕಲ್ಲುಗೂಟಗಳು ಉಳಿದಿದ್ದವು, ಒಂದಕ್ಕೆ ಯಾರೋ ಮೋಟರ್ ಸೈಕಲ್ ಒರಗಿಸಿದ್ದರು. ಬೀಗರು ಬಹಳ ಹೊತ್ತು ನಿಂತು ಓಣಿಯ ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ನಾನು ಆ ಮಾತಿಗಾಗಿ ಕಾದೆ. ಬಂತು.

“ನೋಡೂದು ಏನೂ ಇಲ್ರಿ ಬೀಗರ” ಎಂದರು. “ಆದ್ರ ನಿದ್ದಿ ಛಲೋ ಹತ್ತತೈತಿ. ಇನ್ನೊಂದು ವಸ್ತಿ ಮಾಡ್ಲೇನ್ರಿ?” ಎಂದರು.

ಆ ಎರಡನೆಯ ವಸ್ತಿಗೆಂದೇ ನಿನ್ನೆ ಸಂಜೆ ನಾನು ಬಜ್ಜಿ ತರಲು ಹೋದದ್ದು. ಮನೆ ಮುಟ್ಟುವಷ್ಟರಲ್ಲಿ ಅವು ಆರಿದ್ದವು. ಬೀಗರು ಕೌದಿಯನ್ನು ಹೆಗಲಿಗೆ ಹೊದ್ದು ಕಟ್ಟೆಯ ಮೇಲೆ ಕೂತಿದ್ದರು. ನಾನು ಬಜ್ಜಿಗಳನ್ನು ಬುಟ್ಟಿಗೆ ಸುರಿದು, ಆ ಜಿಡ್ಡಿನ ಕೈಪಿಡಿಯನ್ನು ಬಿಡಿಸಿ, ನಮ್ಮೂರಿನ ಒಂದೇ ವಾಕ್ಯದ ಕೆಳಗೆ ಬೆರಳಿಟ್ಟು ಅವರ ಮುಂದೆ ಹಿಡಿದೆ. ಕನ್ನಡಕ ಹುಡುಕಿ, ಹಾಕಿಕೊಂಡು, ಬಾದಾಮಿಯ ಪುಟಗಳತ್ತ ಕಣ್ಣೂ ಹಾಯಿಸದೆ, ಅದೊಂದು ವಾಕ್ಯವನ್ನು ಎರಡು ಸಲ ಓದಿದರು. ಆಮೇಲೆ ಕಾಗದವನ್ನು ಮಡಚಿ ಕಾಲಿನ ಕೆಳಗೆ ತಳ್ಳಿದರು.

“ಬಿಡ್ರಿ ಬೀಗರ. ಇದನ್ನ ಬರದಾಂವ ನಮ್ಮ ಇಳಕಲ್ಲಾಗ ವಸ್ತಿ ಮಾಡಿಲ್ಲ.”

ನಾನು ಇಷ್ಟು ವರ್ಷ ಯಾವ ಮಾತನ್ನು ಯಾರಿಗೆ ಹೇಳಬೇಕೆಂದು ಕಟ್ಟಿಟ್ಟುಕೊಂಡಿದ್ದೆನೋ, ಅವರೇ ಆ ಮಾತನ್ನು ನನ್ನ ಬಾಯಿಂದ ಕಸಿದುಕೊಂಡು ಹೇಳಿದರು; ಅದೂ ‘ನಮ್ಮ’ ಎಂಬುದನ್ನು ಸೇರಿಸಿ, ಬಂಡೆಯ ತುದಿಯಲ್ಲಿ ಕೂತ ಆ ಮಂಗನ ನಿಶ್ಚಿಂತೆಯಿಂದಲೇ. ತಾವು ಎಷ್ಟು ವಸ್ತಿ ಮಾಡಿದ್ದೀರಿ ಎಂದು ಕೇಳುವುದು ನ್ಯಾಯವಾಗಿತ್ತು. ಪ್ರಶ್ನೆ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅಷ್ಟರಲ್ಲಿ ರಸ್ತೆಯಾಚೆ ರಾತ್ರಿ ಪಾಳಿಯ ಯಂತ್ರವೂ ಶುರುವಾಯಿತು. ಇನ್ನು ಏನು ಕೇಳಿದರೂ ಕೇಳಿಸುತ್ತಿರಲಿಲ್ಲ. ಇದ್ದುದರಲ್ಲಿ ದೊಡ್ಡ ಬಜ್ಜಿಯನ್ನು ಆರಿಸಿ ಅವರ ತಾಟಿಗೆ ಹಾಕಿದೆ.