ವೀಳ್ಯವಿಲ್ಲದ ಕರೆ

ನಮ್ಮ ಕಸುಬಿನಲ್ಲಿ ಒಂದು ಕ್ರಮ ಇದೆ. ಅಡುಗೆಗೆ ಕರೆಯುವವರು ಮನೆಗೇ ಬರಬೇಕು, ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಕೊಡಬೇಕು. ಇದಕ್ಕೆ ವೀಳ್ಯ ಕೊಡುವುದು ಅಂತ ಹೇಳುತ್ತೇವೆ. ವೀಳ್ಯ ಹಿಡಿದ ಅಡುಗೆಯವನು ಮೈಗೆ ಜ್ವರ ಬಂದರೂ ಆ ದಿನ ಒಲೆಯ ಮುಂದೆ ಇರಬೇಕು. ವೀಳ್ಯ ಕೊಡದೆ ಕರೆದರೆ ಅವನು ನೆಂಟ, ಉಣ್ಣಲಿಕ್ಕೆ ಹೋದವನು. ನನ್ನ ಅಪ್ಪ ತೆಕ್ಕಟ್ಟೆಯ ಸುತ್ತಮುತ್ತ ಜೀವಮಾನವಿಡೀ ಹೀಗೇ ನಡೆದುಕೊಂಡರು, ಮೂವತ್ತು ವರ್ಷದಿಂದ ನಾನೂ ಹೀಗೇ. ಹಾಗಾಗಿ ನಾನು ಮೋಸ ಹೋದ ರೀತಿಯಲ್ಲಿ ಬೇರೆ ಕಸುಬಿನವರು ಮೋಸ ಹೋಗಲಾರರು.

ನನ್ನ ಜೊತೆ ಹೈಸ್ಕೂಲು ಓದಿದವರು ಫೋನಿನಲ್ಲಿ ಒಂದು ಗ್ರೂಪ್ ಮಾಡಿಕೊಂಡಿದ್ದಾರೆ. ಬೆಳಿಗ್ಗೆ ಎದ್ದರೆ ದೇವರ ಪಟ, ಮಧ್ಯಾಹ್ನ ಮೊಮ್ಮಕ್ಕಳ ಪಟ. ಹೋದ ವರ್ಷ ಅದರಲ್ಲಿ ಪ್ರವಾಸದ ಮಾತು ಎದ್ದಿತು. ಮುಂಬಯಿಯಲ್ಲಿ ಹೋಟೆಲು ಇಟ್ಟವನೊಬ್ಬ ಘಟ್ಟದ ಮೇಲೆ, ಶೃಂಗೇರಿಯಿಂದ ಆಚೆ, ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಒಂದು ಬಂಗಲೆ ಗೊತ್ತು ಮಾಡಿದ್ದ. ಹತ್ತಿರ ಊರಿಲ್ಲ, ಅಂಗಡಿಯಿಲ್ಲ, ಗುಡ್ಡ ಮತ್ತು ಮಂಜು ಮಾತ್ರ. ಈಗ ಕುಂದಾಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನನ್ನ ಹಳೆಯ ಬೆಂಚಿನ ಗೆಳೆಯ ಫೋನು ಮಾಡಿದ.

"ಹ್ವಾಯ್, ನೀ ಬಪ್ಪುಕೇ ಬೇಕ್ ಮಾರಾಯ. ನೀ ಇಲ್ದಿದ್ರೆ ಎಂತ ಗಮ್ಮತ್ತ್ ಇತ್ತ್? ನಿನ್ನ್ ಓಮ್ನಿ ತಕಂಬಾ, ಸಾಮಾನ್ ಇಡುಕೆ ಜಾಗ ಆತ್ತ್. ಮತ್ತೆ ಹನ್ನೆರ್ಡ್ ಜನಕ್ಕೆ ಎರ್ಡ್ ದಿನಕ್ಕೆ ಎಂತೆಲ್ಲ ಬೇಕ್ ಅಂದೇಳಿ ಒಂದ್ ಪಟ್ಟಿ ಕಳ್ಸ್."

ಪಟ್ಟಿ ಬರೆಯಲು ಕೂತೆ. ಹೆಂಡತಿ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಪಟ್ಟಿ ಕೇಂಡ್ರಾ? ಹಂಗಾರೆ ನಿಮ್ಮನ್ನ್ ಕರ್ದದ್ದ್ ಅಡುಗಿಗೇ."

"ವೀಳ್ಯ ಕೊಡ್ದೆ ಯಾರಾರೂ ಅಡುಗಿಗೆ ಕರಿತ್ರನಾ? ಗೊತ್ತಿಲ್ದಿದ್ರೆ ಸುಮ್ನಿರ್" ಅಂತ ರೇಗಿದೆ. ಅವಳು ಸುಮ್ಮನಾದಳು. ಅವಳು ಸುಮ್ಮನಾದರೆ ಅವಳು ಹೇಳಿದ್ದೇ ಸರಿ ಅಂತ ಅರ್ಥ. ಇಷ್ಟು ವರ್ಷ ಸಂಸಾರ ಮಾಡಿಯೂ ನನಗೆ ಅದು ತಲೆಗೆ ಹೋಗಿಲ್ಲ.

ನನಗೆ ಹೋಗಬೇಕಿತ್ತು. ನನ್ನನ್ನು ಬಿಟ್ಟು ಉಳಿದ ಹನ್ನೊಂದು ಜನರಲ್ಲಿ ಏಳು ಜನರ ಮದುವೆಗೆ ನಾನು ಅಡುಗೆ ಮಾಡಿದ್ದೇನೆ, ಅವರ ಮಕ್ಕಳ ಮದುವೆಗೂ ಮಾಡಿದ್ದೇನೆ. ಒಬ್ಬನ ಪಕ್ಕದಲ್ಲೂ ಎಲೆ ಹಾಕಿಸಿಕೊಂಡು ಕೂತಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನಮ್ಮ ಕಸುಬಿನಲ್ಲಿ ಕೈ ನಮ್ಮದು, ಬಾಯಿ ಬೇರೆಯವರದು. ಒಮ್ಮೆ ಅವರ ಸಾಲಿನಲ್ಲಿ ಕೂತು ಉಣ್ಣಬೇಕು, ಮತ್ತೊಬ್ಬ ಬಂದು ನನ್ನ ಎಲೆಗೆ ಬಡಿಸಬೇಕು, ನಾನು ಸಾಕು ಸಾಕು ಅನ್ನಬೇಕು. ಇಷ್ಟೇ ಆಸೆ. ಐವತ್ತೆಂಟು ವರ್ಷದವನಿಗೆ ಇದು ನಾಚಿಕೆಯ ಆಸೆಯೇ, ಆದರೆ ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ. ಒಂದು ನೀಲಿ ಅಂಗಿ ಹೊಲಿಸಿದೆ. ಅಡುಗೆಗೆ ಹೋಗುವಾಗ ಯಾವತ್ತೂ ಒಯ್ಯುವ ನನ್ನ ಸ್ವಂತದ ಸಟ್ಟುಗವನ್ನು ಬೇಕೆಂದೇ ಮನೆಯಲ್ಲಿ ಬಿಟ್ಟೆ.

ಹೊರಟ ದಿನ ಅವರದು ಎರಡು ದೊಡ್ಡ ಕಾರು, ಹಿಂದಿನಿಂದ ನನ್ನ ಓಮ್ನಿ. ಅದರೊಳಗೆ ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಎರಡು ದೊಡ್ಡ ಪಾತ್ರೆ. ಬೆಂಚಿನ ಗೆಳೆಯ ನನ್ನ ಪಕ್ಕದಲ್ಲಿ ಕೂತಿದ್ದ. ಕೋಟ ದಾಟುವ ತನಕ ಶಾಲೆಯ ಕಥೆ, ಗಣಿತದ ಮೇಷ್ಟ್ರ ಕೋಲಿನ ಕಥೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಬ್ರಹ್ಮಾವರದಲ್ಲಿ ಪೆಟ್ರೋಲು ಹಾಕಿಸಲು ನಿಲ್ಲಿಸಿದಾಗ ಅವನು ಬೆವರು ಒರೆಸಿಕೊಂಡ.

"ಇದ್ರಲ್ಲಿ ಏಸಿ ಇಲ್ಯಲೆ. ನಾ ಆ ಕಾರಂಗೆ ಕೂಕಂತೆ, ನೀ ಹಿಂದಿಂದ ಬಾ, ಅಕಾ?"

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಇಳಿದು ಹೋದ. ಅಲ್ಲಿಂದ ಮುಂದೆ ಸೌತೆಕಾಯಿಗಳೇ ನನಗೆ ಜೊತೆ.

ಹೆಬ್ರಿ, ಸೋಮೇಶ್ವರ, ಆಮೇಲೆ ಆಗುಂಬೆ ಘಾಟಿ. ಅವರ ಕಾರುಗಳು ಎರಡನೆಯ ತಿರುವಿನಲ್ಲೇ ಕಣ್ಣಿಗೆ ಮರೆಯಾದವು. ನನ್ನ ಗಾಡಿ ಒಂದನೇ ಗೇರಿನಲ್ಲಿ ಕೆಮ್ಮುತ್ತ ಹತ್ತಿತು. ಪ್ರತಿ ತಿರುವಿನಲ್ಲೂ ಹಿಂದೆ ಪಾತ್ರೆ ಢಣ್ ಅನ್ನುತ್ತಿತ್ತು. ಎಲ್ಲಾದರೂ ನಿಂತು ಕಾಯುತ್ತಿರಬಹುದು ಅಂತ ಘಾಟಿಯ ಮೇಲೆ ನೋಡಿದೆ, ಶೃಂಗೇರಿಯಲ್ಲಿ ನೋಡಿದೆ. ಯಾರೂ ನಿಂತಿರಲಿಲ್ಲ. ಟಾರು ರಸ್ತೆ ಮುಗಿದ ಮೇಲೆ ಕಾಡಿನೊಳಗೆ ಕಲ್ಲುದಾರಿ. ಎರಡು ಕಡೆ ಓಮ್ನಿಯ ಹೊಟ್ಟೆ ನೆಲಕ್ಕೆ ಕೆರೆಯಿತು. ಒಂದು ಕಡೆ ಕೆಳಗಿಳಿದು ಕಲ್ಲು ಸರಿಸಿ ಮುಂದೆ ಹೋದೆ, ಹೊಸ ಅಂಗಿಯ ತೋಳಿಗೆ ಗ್ರೀಸು ಹತ್ತಿತು. ಇಷ್ಟಾದರೂ ನನಗೆ ಬೇಸರವಿರಲಿಲ್ಲ. ನನ್ನ ಗಾಡಿ ನಿಧಾನ, ಅವರ ತಪ್ಪೇನು ಅಂತ ನಾನೇ ಅವರ ಪರವಾಗಿ ವಾದ ಮಾಡಿಕೊಳ್ಳುತ್ತಿದ್ದೆ.

ಬಂಗಲೆ ಚೆಂದವಿತ್ತು, ಇಲ್ಲ ಅನ್ನುವುದಿಲ್ಲ. ಎದುರಿಗೆ ಹುಲ್ಲಿನ ಗುಡ್ಡಗಳು, ಕಣಿವೆಗಳಲ್ಲಿ ಮಾತ್ರ ಕಾಡು. ನಾನು ತಲುಪುವಾಗ ಅವರೆಲ್ಲ ಜಗಲಿಯಲ್ಲಿ ಕಾಲು ಚಾಚಿ ಕೂತಾಗಿತ್ತು. ಬಂಗಲೆ ನೋಡಿಕೊಳ್ಳುವ ಮೇಟಿ, ಆ ಕಡೆಯ ವಯಸ್ಸಾದ ಮನುಷ್ಯ, ಬಂದವರ ಹೆಸರು ಬರೆಯುವ ಪುಸ್ತಕ ನನ್ನ ಮುಂದೆ ಹಿಡಿದ. ಹನ್ನೊಂದು ಹೆಸರು ಸಾಲಾಗಿ ಬರೆದಿತ್ತು, ಹೆಸರಿನ ಮುಂದೆ ಊರು, ವಯಸ್ಸು. ಹನ್ನೆರಡನೆಯ ಸಾಲಿನಲ್ಲಿ ಹೆಸರಿರಲಿಲ್ಲ. ನನ್ನ ಬೆಂಚಿನ ಗೆಳೆಯನ ಅಕ್ಷರದಲ್ಲಿ, ಅದನ್ನು ನಾನು ಎಲ್ಲಿ ಕಂಡರೂ ಗುರುತಿಸುತ್ತೇನೆ, "ಅಡುಗೆಯವರು, ಒಂದು" ಅಂತ ಇತ್ತು.

"ಇಲ್ಲೊಂದು ಸೈನ್ ಹಾಕಿ ಭಟ್ರೇ. ನಿಮ್ಮ ರೂಮು ಹಿಂದುಗಡೆ, ಅಡುಗೆಮನೆ ಪಕ್ಕದಲ್ಲೇ ಇದೆ" ಅಂದ ಮೇಟಿ.

ಸೈನ್ ಹಾಕಿದೆ. ಯಾಕೆ ಹಾಕಿದೆ ಅಂತ ಇವತ್ತಿಗೂ ನನ್ನನ್ನು ನಾನು ಕೇಳಿಕೊಳ್ಳುತ್ತೇನೆ. ಪುಸ್ತಕ ಬಿಸಾಡಿ ಅಲ್ಲಿಂದಲೇ ಗಾಡಿ ತಿರುಗಿಸಬಹುದಿತ್ತು. ಅಷ್ಟರಲ್ಲಿ ಜಗಲಿಯಿಂದ ಮುಂಬಯಿಯವನು ಕೂಗಿದ.

"ಹ್ವಾಯ್, ಬಂದ್ಯಾ? ಒಲಿ ಎಲ್ಲ ರೆಡಿ ಇತ್ತ್ ಕಾಣ್. ಹಶು ತಡುಕಾತಿಲ್ಲೆ ಮಾರಾಯ!"

ಹಸಿವೆ ಅಂದವರ ಮೇಲೆ ಸಿಟ್ಟು ಮಾಡಲು ನನಗೆ ಬರುವುದಿಲ್ಲ. ಅದು ನನ್ನ ರೋಗ. ಅಂಗಿ ಕಳಚಿ ಮೊಳೆಗೆ ಹಾಕಿ ಪಂಚೆ ಎತ್ತಿ ಕಟ್ಟಿದೆ. ಸೌತೆಕಾಯಿ ಹುಳಿ, ಹುರುಳಿ ಸಾರು, ಹೆಸರುಬೇಳೆ ಪಾಯಸ. ಬೇರೆಯವರ ಸಟ್ಟುಗ ಕೈಗೆ ಕೂರುವುದಿಲ್ಲ, ಆದರೂ ಸಾರಿಗೆ ಒಗ್ಗರಣೆ ಬಿದ್ದ ಹೊತ್ತಿಗೆ ನಾನು ಪುಸ್ತಕವನ್ನು, ಹನ್ನೆರಡನೆಯ ಸಾಲನ್ನು ಮರೆತಿದ್ದೆ. ಒಲೆಯ ಮುಂದೆ ನಾನು ಸುಖವಾಗಿಯೇ ಇದ್ದೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಎಲೆ ಹಾಕಿ ಅವರು ಕೂತರು. ನಾನು ಬಡಿಸಿದೆ. ಒಂದು ಸುತ್ತು ಅನ್ನ ಬಂದ ಮೇಲೆ ಬೆಂಚಿನ ಗೆಳೆಯ ತಲೆ ಎತ್ತಿ, "ನೀನೂ ಕೂಕೋ ಮಾರಾಯ, ಒಟ್ಟಿಗೆ ಉಂಬ" ಅಂದ. ಅವನ ಪಕ್ಕದಲ್ಲಿ ಒಬ್ಬನಿಗೆ ಆಗುವಷ್ಟು ಜಾಗವೂ ಇತ್ತು. ನಾನು ಯಾವುದಕ್ಕೆ ಅಷ್ಟು ದೂರ ಬಂದಿದ್ದೆನೋ ಅದು ಎದುರಿಗೇ ಇತ್ತು. ಆಗ ನನ್ನ ಬಾಯಿಂದ ಬಂದ ಮಾತು, "ನೀವ್ ಉಣ್ಣಿ, ನಂದ್ ಅಕೇರಿಗೆ."

ಎಲ್ಲರದೂ ಆದ ಮೇಲೆ ಕೊನೆಗೆ ನನ್ನ ಊಟ ಅಂತ ಮೂವತ್ತು ವರ್ಷದಿಂದ ಪ್ರತಿ ಮದುವೆಮನೆಯಲ್ಲಿ ಹೇಳಿದ ಮಾತು, ನಾಲಗೆ ಕಾಯದೇ ಹೇಳಿಬಿಟ್ಟಿತು. ಎರಡನೆಯ ಸಲ ಕರೆಯುತ್ತಾನೆ ಅಂತ ಪಾಯಸದ ಪಾತ್ರೆ ಹಿಡಿದು ಒಂದು ಗಳಿಗೆ ನಿಂತೆ. ಅವನು ಹುಳಿಗೆ ಕೈ ಹಾಕಿದ್ದ. "ಇವ್ನ್ ಕೈ ರುಚಿ ಯಾರಿಗಿತ್ತಾ!" ಅಂದ ಮತ್ತೊಬ್ಬ, ಎಲ್ಲರೂ ಹೌದು ಹೌದು ಅಂದರು. ನಾನು ಅಡುಗೆಮನೆಯಲ್ಲಿ ನಿಂತುಕೊಂಡೇ ಉಂಡೆ.

ಮರುದಿನ ಬೆಳಿಗ್ಗೆ ತಿಂಡಿ ಮುಗಿಸಿ ಅವರು ಉದ್ಯಾನದೊಳಗೆ ಹೋಗಲು ಎರಡು ಜೀಪು ಬಂತು. ಗ್ರೀಸು ಅಂಟಿದ ನೀಲಿ ಅಂಗಿ ತೊಳೆದು ಹಾಕಿಕೊಂಡು ನಾನೂ ಅಂಗಳಕ್ಕೆ ಬಂದೆ. ಹೇಗೆ ಕೂತರೂ ಹನ್ನೊಂದೇ ಜನಕ್ಕೆ ಜಾಗ. ಯಾರೂ ನನ್ನ ಮುಖ ನೋಡಲಿಲ್ಲ. ಕಡೆಗೆ ಮುಂಬಯಿಯವನು ಹೇಳಿದ, "ಇವ್ನಿಗ್ ಹೆಂಗೂ ಮಧ್ಯಾಹ್ನದ್ ಅಡುಗಿ ಮಾಡುಕಿತ್ತಲೆ." ಅವನು ಕೆಟ್ಟವನಲ್ಲ, ತಮಾಷೆಗೂ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದ. ಅದೇ ನನಗೆ ತಡೆಯಲಾಗಲಿಲ್ಲ.

ಜೀಪಿನ ಸದ್ದು ನಿಂತ ಮೇಲೆ ನಾನು ಹೊರಟೆ. ತರಕಾರಿ ಹೆಚ್ಚಿಡಲಿಲ್ಲ, ಬೇಳೆ ನೆನೆಸಿಡಲಿಲ್ಲ. ಅಡುಗೆ ಅರ್ಧಕ್ಕೆ ಬಿಟ್ಟು ನಾನು ಎದ್ದು ಬಂದದ್ದು ಜೀವನದಲ್ಲಿ ಅದೊಂದೇ ಸಲ. ಮೇಟಿ, "ಭಟ್ರೇ, ಊಟಕ್ಕೆ?" ಅಂತ ಕೇಳಿದ. ನಾನು ಗಾಡಿ ತಿರುಗಿಸಿದೆ. ಘಾಟಿ ಇಳಿಯುವಾಗ ಅವರಿಗೆ ಹೇಳಬೇಕಾದ ಮಾತುಗಳನ್ನು ಒಂದೊಂದಾಗಿ ಕೂಡಿಸಿದೆ. ಒಂದಕ್ಕಿಂತ ಒಂದು ಚೂಪಾಗಿದ್ದವು. ಇಷ್ಟು ವರ್ಷ ನುಂಗಿದ್ದೆಲ್ಲ ಬಾಯಿಗೆ ಬಂದಿತ್ತು.

ಸೋಮೇಶ್ವರ ದಾಟಿದ ಮೇಲೆ ಫೋನು ಬಡಿದುಕೊಂಡಿತು. ಬಂಗಲೆಯ ನಂಬರು. ಗಾಡಿಯನ್ನು ಬದಿಗೆ ಹಾಕಿದೆ. ಬೆಂಚಿನ ಗೆಳೆಯ.

"ಹ್ವಾಯ್, ಎಲ್ಲಿದ್ದೆ ಮಾರಾಯ? ನಾವೇ ಅನ್ನಕ್ಕಿಟ್ಟತ್ತ್, ಸಾರೂ ಕುದೀತಿತ್ತ್. ಉಪ್ಪಿನ್ ಡಬ್ಬಿ ಎಲ್ಲಿಟ್ಟಿದೆ?"

ಚೂಪು ಮಾಡಿಟ್ಟುಕೊಂಡ ಮಾತುಗಳೆಲ್ಲ ಅಲ್ಲೇ ಇದ್ದವು.

"ಒಲಿ ಬಲಗಡಿಗೆ, ಮೇಲಿನ್ ಹಲ್ಗಿ ಮೇಲೆ ಇತ್ತ್" ಅಂದೆ. "ಬೇಳೆ ಬೆಂದಿತಾ ಕಾಣ್. ಬೇಯುವರೆಗೆ ಉಪ್ಪ್ ಹಾಕ್ಬೇಡ."

"ಅಡ್ಡಿಲ್ಲೆ" ಅಂದು ಅವನು ಫೋನು ಇಟ್ಟ.