ಆಧಾರ ಕೇಳುತ್ತಿದ್ದ ಪಾರ್ವತಕ್ಕ

ಪಾರ್ವತಕ್ಕನಿಗೆ ಯಾವ ಸುದ್ದಿ ಹೇಳಿದರೂ ಮೊದಲು ಬರುತ್ತಿದ್ದ ಮಾತು ಒಂದೇ: "ಯಾರು ಹೇಳಿದ್ದು?" ಮೈಸೂರಿನ ರೈಲು ತಡವಂತೆ ಎಂದರೂ ಅದೇ, ಎದುರುಮನೆ ಹುಡುಗಿಗೆ ಗಂಡು ಗೊತ್ತಾಯಿತಂತೆ ಎಂದರೂ ಅದೇ. ಅವರ ದನಿಯಲ್ಲಿ ಅನುಮಾನವಾಗಲಿ ಕೊಂಕಾಗಲಿ ಇರುತ್ತಿರಲಿಲ್ಲ. ಅಡುಗೆಗೆ ಉಪ್ಪು ಸಾಕೇ ಎಂದು ಕೇಳುವಷ್ಟು ಸಹಜವಾಗಿ ಕೇಳುತ್ತಿದ್ದರು. ಆದರೆ ಹೇಳಿದವರಿಗೆ ಮಾತ್ರ ಯಾರು ಹೇಳಿದ್ದೆಂದು ನೆನಪಾಗದೆ ಒದ್ದಾಟ ಶುರುವಾಗುತ್ತಿತ್ತು. ಅರಸೀಕೆರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿ, ಅಲ್ಲಿಯೇ ನಿವೃತ್ತರಾದವರು ಅವರು. ಟ್ರಂಕ್ ಕಾಲ್ ಕಾಲದಲ್ಲಿ ಊರು, ಹೆಸರು, ನಂಬರು ಎಲ್ಲವನ್ನೂ ಮತ್ತೊಮ್ಮೆ ಹೇಳಿಸಿಕೊಂಡೇ ತಂತಿ ಜೋಡಿಸುತ್ತಿದ್ದ ಅಭ್ಯಾಸ ಅವರ ಮಾತಿಗೂ ಅಂಟಿಕೊಂಡಿತ್ತು.

ನಿವೃತ್ತಿಯ ನಂತರ ಅವರು ಹಿಡಿದ ಕೆಲಸ ನಮ್ಮೂರಿನಲ್ಲಿ ಬಹಳ ಜನಕ್ಕೆ ಅರ್ಥವಾಗಲೇ ಇಲ್ಲ. ಅಂತರಜಾಲದಲ್ಲಿ ಎಲ್ಲರೂ ಸೇರಿ ಬರೆಯುವ, ಎಲ್ಲರೂ ತಿದ್ದಬಹುದಾದ ಕನ್ನಡದ ವಿಶ್ವಕೋಶವೊಂದಿದೆಯಲ್ಲ, ಅದರಲ್ಲಿ ಅವರು ಬರೆಯುತ್ತಿದ್ದರು, ತಿದ್ದುತ್ತಿದ್ದರು. ಸಂಬಳವಿಲ್ಲ, ಸನ್ಮಾನವಿಲ್ಲ, ಪುಟದ ಮೇಲೆ ಹೆಸರೂ ಇಲ್ಲ.

ನನ್ನದು ಸ್ಟೇಷನ್ ರಸ್ತೆಯಲ್ಲಿ ಒಂದು ಫೋಟೋ ಸ್ಟುಡಿಯೋ. ಒಂದು ಮಧ್ಯಾಹ್ನ ಅವರು ಕೊಡೆ ಮಡಿಚಿಕೊಂಡು ಒಳಗೆ ಬಂದು, ಹಳೇಬೀಡಿನ ಬಸದಿಯ ಕಂಬಗಳ ಫೋಟೋ ಇದೆಯೇ ಎಂದು ಕೇಳಿದರು. ಇಂಟರ್ನೆಟ್ಟಿನಲ್ಲಿ ಬೇಕಾದಷ್ಟು ಸಿಗುತ್ತವಲ್ಲ ಎಂದೆ. ಅವು ಬೇರೆಯವರು ತೆಗೆದದ್ದು, ಅವರ ಒಪ್ಪಿಗೆಯಿಲ್ಲದೆ ಹಾಕಿಕೊಳ್ಳುವುದು ಕಳ್ಳತನವೇ ಎಂದರು. ನಾನು ತೆಗೆದದ್ದನ್ನು ಯಾರು ಬೇಕಾದರೂ ಬಳಸಿಕೊಳ್ಳಬಹುದು ಎಂದು ನಾನೇ ಒಪ್ಪಿ ಕೊಡಬೇಕಂತೆ. ಫೋಟೋ ಮಾರಿ ಬದುಕುವವನಿಗೆ ಇದೆಂಥ ಬೇಡಿಕೆ ಎನಿಸಿತು. ಇದರಿಂದ ನಿಮಗೇನು ಸಿಗುತ್ತದೆ ಎಂದು ಕೇಳಿಯೇಬಿಟ್ಟೆ.

"ನಂಗೇನೂ ಸಿಗಲ್ಲ ಮಂಜಪ್ಪ," ಎಂದರು. "ಬೇಲೂರಲ್ಲಿ ಒಂದು ಮಗು ಕನ್ನಡದಾಗೆ ಹುಡುಕಿದ್ರೆ, ಅದಕ್ಕೆ ಸಿಗ್ತದೆ."

ಆ ಭಾನುವಾರವೇ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಅವರೊಂದಿಗೆ ಬಸ್ಸು ಹತ್ತಿದೆ. ಅದು ರೂಢಿಯೇ ಆಗಿಹೋಯಿತು. ಮಾಲೇಕಲ್ಲು ಬೆಟ್ಟದ ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದುಕೊಂಡು ಕೂತು, ನೀನು ಮೇಲೆ ಹೋಗಿ ಊರು ಕಾಣುವ ಹಾಗೆ ಒಂದು ತೆಗೆದುಕೊಂಡು ಬಾ ಎಂದು ನನ್ನನ್ನು ಅಟ್ಟಿದ್ದರು. ಬಿಕ್ಕೋಡಿಗೆ ಹೋದಾಗ ಸಂತೆಯ ದಿನವನ್ನು ಯಾರೋ ತಪ್ಪಾಗಿ ಬರೆದಿದ್ದಾರೆಂದು ಅಂಗಡಿ ಅಂಗಡಿ ವಿಚಾರಿಸಿದ್ದರು. ಎಲ್ಲರೂ ಒಂದೇ ವಾರ ಹೇಳಿದರೂ ಅವರಿಗೆ ಸಮಾಧಾನವಿಲ್ಲ. ಪಂಚಾಯ್ತಿ ಕಚೇರಿಯ ಗೋಡೆಯ ಮೇಲಿದ್ದ ಫಲಕ ಕಂಡ ಮೇಲೆಯೇ ಅವರು ಕಾಫಿ ಕುಡಿದದ್ದು.

ಹಳೇಬೀಡಿನಲ್ಲಿ ನಡೆದದ್ದು ನನಗೆ ಚೆನ್ನಾಗಿ ನೆನಪಿದೆ. ಗೈಡ್ ಒಬ್ಬ ಪ್ರವಾಸಿಗರಿಗೆ ಅರ್ಧಕ್ಕೆ ನಿಂತ ಒಂದು ಕೆತ್ತನೆ ತೋರಿಸಿ, ತಾಯಿ ತೀರಿಕೊಂಡ ಸುದ್ದಿ ಬಂದು ಶಿಲ್ಪಿ ಉಳಿ ಬಿಟ್ಟು ಎದ್ದುಹೋದನೆಂದು ಹೇಳುತ್ತಿದ್ದ. ಪಾರ್ವತಕ್ಕ ಮೆಲ್ಲನೆ ತಮ್ಮ ಪ್ರಶ್ನೆ ಕೇಳಿದರು. ಇನ್ನೇನು ಜಗಳವಾಯಿತೆಂದು ನಾನು ಹಿಂದೆ ಸರಿದೆ. ಆತ, ತನ್ನ ತಂದೆ ಹೇಳುತ್ತಿದ್ದರು, ಅವರೂ ಇಲ್ಲೇ ಗೈಡ್ ಆಗಿದ್ದರು ಎಂದ. ಪಾರ್ವತಕ್ಕ ಆ ತಂದೆಯ ಹೆಸರು ಕೇಳಿಕೊಂಡು, ಕತೆಯನ್ನು ಮೊದಲಿಂದ ಹೇಳಿಸಿಕೊಂಡು, ಜಗುಲಿಯ ಮೇಲೆ ಕೂತು ಪೂರ್ತಿ ಕೇಳಿದರು. ವಾಪಸು ಬರುವಾಗ ಬಸ್ಸಿನಲ್ಲಿ, ಅದನ್ನು ಇತಿಹಾಸವೆಂದು ಬರೆಯುವ ಹಾಗಿಲ್ಲ, ಆದರೆ ಆ ಊರಿನ ಜನ ಹಾಗೆ ಹೇಳುತ್ತಾರೆ ಎನ್ನುವುದು ಸುಳ್ಳಲ್ಲವಲ್ಲ, ಯಾರಾದರೂ ಅಚ್ಚು ಮಾಡಿಸಿದರೆ ಅದಕ್ಕೂ ಪುಟದಲ್ಲಿ ಜಾಗವಿದೆ ಎಂದರು. ಕತೆಯನ್ನೂ ಇತಿಹಾಸವನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಇಡುತ್ತಿದ್ದರೇ ಹೊರತು, ಯಾವುದನ್ನೂ ಬಿಸಾಡುತ್ತಿರಲಿಲ್ಲ.

ಅವರು ಮದುವೆಯಾಗಿರಲಿಲ್ಲ. ತಮ್ಮ ಶಂಕರಪ್ಪನವರದು ಕೊಬ್ಬರಿ ಮಂಡಿ. ಕೆಳಗೆ ಅವರ ಸಂಸಾರ, ಮಹಡಿಯ ಮೇಲೆ ಅಕ್ಕ. ಊಟ ಒಂದೇ ಒಲೆಯದು. ಅವರ ತಂದೆ ರುದ್ರಪ್ಪನವರು ಊರಿಗೆ ಬೇಕಾಗಿದ್ದವರು, ತೀರಿಹೋಗಿ ಬಹಳ ವರ್ಷವಾಗಿತ್ತು. ವಿಶ್ವಕೋಶದಲ್ಲಿ ಅಪ್ಪನ ಬಗ್ಗೆ ಒಂದು ಪುಟ ಮಾಡು ಎಂದು ಶಂಕರಪ್ಪನವರು ಎಷ್ಟೋ ಸಲ ಹೇಳಿದ್ದರಂತೆ. ತಮ್ಮವರ ಬಗ್ಗೆ ತಾವೇ ಬರೆಯಬಾರದೆಂಬ ನಿಯಮವಿದೆಯೆಂದು ಇವರು ಒಪ್ಪಿರಲಿಲ್ಲ.

ಅದನ್ನು ಕೊನೆಗೆ ಬೇರೆ ಯಾರೋ ಬರೆದರು. ಬರೆದವರು ರುದ್ರಪ್ಪನವರನ್ನು ಸ್ವಾತಂತ್ರ್ಯ ಹೋರಾಟಗಾರರನ್ನಾಗಿ ಮಾಡಿ, ಜೈಲಿಗೂ ಕಳಿಸಿದ್ದರು. ಅದೇ ಹೊತ್ತಿಗೆ ಊರಿನ ಒಂದು ವೃತ್ತಕ್ಕೆ ಅವರ ಹೆಸರಿಡಬೇಕೆಂದು ಕೆಲವರು ಸೇರಿ ಸಮಿತಿ ಮಾಡಿಕೊಂಡರು. ಆ ಪುಟದ ಸಾಲುಗಳೇ ಕರಪತ್ರದಲ್ಲಿ ಅಚ್ಚಾಗಿ ಮನೆಮನೆಗೆ ಬಂದವು. ಶಂಕರಪ್ಪನವರು ಹಿಗ್ಗಿ ಹೋಗಿದ್ದರು.

ಪಾರ್ವತಕ್ಕ ಕರಪತ್ರ ಓದಿ ಮಹಡಿಗೆ ಹೋದರು. ಆ ಸಾಲನ್ನು ತಾವೇ ಅಳಿಸಿದ್ದರೆ ಒಂದು ಕ್ಷಣದ ಕೆಲಸ. ಹಾಗೆ ಮಾಡಲಿಲ್ಲ. ಪ್ರತಿ ಪುಟದ ಬೆನ್ನಿಗೂ ಸಂಪಾದಕರು ಮಾತಾಡಿಕೊಳ್ಳಲು ಒಂದು ಚರ್ಚಾಪುಟ ಇರುತ್ತದೆ. ಅಲ್ಲಿ ಬರೆದರು: ತಾನು ಇವರ ಮಗಳು, ಸೆರೆವಾಸದ ಸಾಲಿಗೆ ಯಾವ ಆಧಾರವೂ ಕೊಟ್ಟಿಲ್ಲ, ತಾನು ಅದನ್ನು ಮುಟ್ಟುವುದು ಸರಿಯಲ್ಲ, ಬೇರೆ ಯಾರಾದರೂ ಪರಿಶೀಲಿಸಬೇಕು. ಎಲ್ಲಿಯವರೋ ಒಬ್ಬರು ನೋಡಿ, ಆಧಾರ ಸಿಗದೆ, ಸಾಲನ್ನು ತೆಗೆದುಹಾಕಿದರು.

ಸುದ್ದಿ ಸಮಿತಿಗೆ ಮುಟ್ಟಿತು. ಮಗಳೇ ತೆಗೆಸಿದಳೆಂದು ಊರೆಲ್ಲ ಮಾತಾಯಿತು. ಅಂದು ಸಂಜೆ ಬೇಲೂರಿನ ಫೋಟೋಗಳನ್ನು ಕೊಡಲು ನಾನು ಹೋಗಿದ್ದೆ. ಶಂಕರಪ್ಪನವರು ಮಹಡಿಯ ಬಾಗಿಲಲ್ಲಿ ನಿಂತಿದ್ದರು. ಕೂಗಾಡುವ ಮನುಷ್ಯ ಅಲ್ಲ, ಆದರೆ ಮುಖ ಕೆಂಪಾಗಿತ್ತು.

"ಅಪ್ಪ ಹೆದರಿ ಉಳ್ಕೊಂಡಿದ್ದು ಮನೆ ಒಳಗಿನ ಮಾತು ಕಣಕ್ಕ. ನಿಂಗೂ ನಂಗೂ ಬಿಟ್ರೆ ಯಾರಿಗ್ ಗೊತ್ತಿತ್ತು?"

"ಅದನ್ನ ನಾನು ಎಲ್ಲೂ ಬರ್ದಿಲ್ಲ, ಬರೆಯೋದೂ ಇಲ್ಲ," ಎಂದರು ಪಾರ್ವತಕ್ಕ. "ಅಪ್ಪ ಮಾಡಿದ್ದು ಏನ್ ಕಮ್ಮಿ ಐತೆ ಶಂಕ್ರ? ಮಾಡದೇ ಇದ್ದಿದ್ದನ್ನ ಯಾಕೆ ಅವರ ತಲೆ ಮ್ಯಾಲೆ ಹೊರಿಸ್ತೀಯ? ಇದ್ದಿದ್ರೆ ಅವರೇ ಬ್ಯಾಡ ಅಂತಿದ್ರು."

ಶಂಕರಪ್ಪನವರು ಮೆಟ್ಟಿಲಿಳಿದು ಹೋದರು. ಚಳವಳಿಯ ಕಾಲದಲ್ಲಿ ಗೆಳೆಯರೆಲ್ಲ ಜೈಲಿಗೆ ಹೋದಾಗ ತಾನು ಭಯಪಟ್ಟು ಮನೆಯಲ್ಲೇ ಉಳಿದೆನೆಂದು ರುದ್ರಪ್ಪನವರೇ ಮಕ್ಕಳಿಗೆ ಹೇಳಿದ್ದರಂತೆ. ಈ ಮಾತನ್ನು ಈಗ ಬರೆಯಬಹುದು ಎಂದು ಶಂಕರಪ್ಪನವರೇ ಹೇಳಿದ್ದರಿಂದ ಬರೆಯುತ್ತಿದ್ದೇನೆ.

ಆವತ್ತಿನಿಂದ ಅಕ್ಕ ತಮ್ಮಂದಿರ ಮಾತು ನಿಂತಿತು. ಕೆಳಗಿನಿಂದ ಊಟದ ಕ್ಯಾರಿಯರ್ ಬರುತ್ತಲೇ ಇತ್ತು. ಆದರೆ ಪಾರ್ವತಕ್ಕನೇ, ತಮ್ಮನ ಮನಸ್ಸು ತಿಳಿಯಾಗುವವರೆಗೆ ಅವನ ಅನ್ನ ಗಂಟಲಲ್ಲಿ ಇಳಿಯುವುದಿಲ್ಲವೆಂದು ಮಹಡಿಯ ಮೇಲೆ ಸಣ್ಣದೊಂದು ಸ್ಟೌ ಇಟ್ಟುಕೊಂಡರು. ನಾನು ಹೋದಾಗಲೆಲ್ಲ ಉಪ್ಪಿಟ್ಟು. ಬೇಸರವಾಗುವುದಿಲ್ಲವೇ ಎಂದರೆ, ಆಗುತ್ತದೆ ಎಂದಷ್ಟೇ ಹೇಳಿ ತಟ್ಟೆ ತೊಳೆಯಲು ಏಳುತ್ತಿದ್ದರು. ಅವರ ಕಣ್ಣು ಊದಿಕೊಂಡಿದ್ದದ್ದನ್ನು ನಾನು ನೋಡಿದ್ದೇನೆ.

ಆದರೆ ಅವರು ಸುಮ್ಮನೆ ಕೂರಲಿಲ್ಲ. ರುದ್ರಪ್ಪನವರು ತಮ್ಮ ಕೊಬ್ಬರಿ ಅಟ್ಟದ ಕೆಳಗಿನ ಜಾಗವನ್ನು ಖಾಲಿ ಮಾಡಿಸಿ, ಹಳ್ಳಿಗಳಿಂದ ಓದಲು ಬಂದ ಹುಡುಗರನ್ನು ಇರಿಸಿಕೊಂಡು, ಜಾತಿ ಕೇಳದೆ ಒಂದೇ ಪಂಕ್ತಿಯಲ್ಲಿ ಮುದ್ದೆ ಹಾಕಿದ್ದರು. ಮನೆಯವರಿಗೆಲ್ಲ ಗೊತ್ತಿದ್ದ ಸಂಗತಿ, ಆದರೆ ಅಚ್ಚಿನಲ್ಲಿ ಎಲ್ಲಿದೆ? ಅಲ್ಲಿದ್ದು ಓದಿದವರಲ್ಲಿ ಒಬ್ಬರು ಬೇಲೂರಿನಲ್ಲಿ ಮೇಷ್ಟರಾಗಿ ನಿವೃತ್ತರಾಗಿದ್ದಾರೆಂದು ವಿಚಾರಿಸಿ ತಿಳಿದು, ನನ್ನನ್ನೂ ಕರೆದುಕೊಂಡು ಹೋದರು. ಆ ಹಿರಿಯರು ಶಾಲೆಯ ಸ್ಮರಣ ಸಂಚಿಕೆಯಲ್ಲಿ ಆ ದಿನಗಳ ಬಗ್ಗೆ ಲೇಖನವನ್ನೇ ಬರೆದಿದ್ದರು. ಓದಿ ತೋರಿಸಿದರು. ಅಟ್ಟದ ಮೇಲೆ ಒಣಗಿದ ಕಾಯಿ ಉರುಳಿದರೆ ಕೆಳಗೆ ಮಲಗಿದ ಹುಡುಗರು ಗುಡುಗೆಂದು ಎದ್ದು ಕೂರುತ್ತಿದ್ದರಂತೆ. ಒಂದೇ ಪಂಕ್ತಿಯ ಊಟಕ್ಕೆ ನೆಂಟರು ಮುನಿಸಿಕೊಂಡು, ಮನೆಯ ಕಾರ್ಯಗಳಿಗೆ ಬರುವುದನ್ನೇ ನಿಲ್ಲಿಸಿದರೂ ರುದ್ರಪ್ಪನವರು ಪಂಕ್ತಿ ಮುರಿಯಲಿಲ್ಲವಂತೆ.

"ಹೆದ್ರೋ ಮನುಷ್ಯ ಆಗಿದ್ರೆ ಅದು ಆಗ್ತಿರ್ಲಿಲ್ಲ ಕಣಮ್ಮ," ಎಂದರು ಆ ಮೇಷ್ಟರು. ಅವರಿಗೆ ಒಳಗಿನ ಸಂಗತಿ ಏನೂ ಗೊತ್ತಿರಲಿಲ್ಲ. ಪಾರ್ವತಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡರು.

ಸಂಚಿಕೆಯ ವಿವರವನ್ನೂ ಅವರು ಚರ್ಚಾಪುಟದಲ್ಲೇ ಇಟ್ಟರು. ಬೇರೆಯವರು ನೋಡಿ ಪುಟಕ್ಕೆ ಸೇರಿಸಿದರು. ಸಂಚಿಕೆಯ ಆ ಹಾಳೆಗಳ ಜೆರಾಕ್ಸ್ ಒಂದನ್ನು ತಮ್ಮನ ಮಂಡಿಗೆ ನನ್ನ ಕೈಲಿ ಕಳಿಸಿದರು. ಶಂಕರಪ್ಪನವರು ಗಾದಿಯ ಮೇಲೆ ಕೂತು ಓದಿದರು. ಮತ್ತೆ ಓದಿದರು.

ಕೆಲವು ದಿನಗಳಾದ ಮೇಲೆ ಅವರೇ ಸ್ಟುಡಿಯೋಗೆ ಬಂದು, ತಂದೆಯ ಹಳೆಯ ಫೋಟೋ ಕೊಟ್ಟು ದೊಡ್ಡದು ಮಾಡಿಕೊಡು ಎಂದರು. ವೃತ್ತದ ಫಲಕಕ್ಕೆ ಎಂದರು. ಏನೆಂದು ಬರೆಸುತ್ತೀರಿ ಎಂದು ಕೇಳಿದೆ. ಬಡ ಹುಡುಗರಿಗೆ ಅನ್ನ, ಆಶ್ರಯ ಕೊಟ್ಟವರು ಎಂದು ಬರೆಸುವುದಾಗಿ ಹೇಳಿ, "ಅಕ್ಕನ್ನ ಕೇಳಿನೇ ಬರೆಸ್ತೀನಿ," ಎಂದರು. ಅಂದು ರಾತ್ರಿ ಮಹಡಿಯ ಸ್ಟೌ ಹೊತ್ತಲಿಲ್ಲವೆಂದು ಆಮೇಲೆ ತಿಳಿಯಿತು.

ಪಾರ್ವತಕ್ಕ ಹೋದದ್ದು ಕಳೆದ ಮಾಗಿಯಲ್ಲಿ. ಎದೆ ನೋವೆಂದು ಹಾಸನಕ್ಕೆ ಕರೆದುಕೊಂಡು ಹೋದರು, ತಿರುಗಿ ಬರಲಿಲ್ಲ. ಹಿಂದಿನ ದಿನ ಬಂದು, ಮೋಡವಿಲ್ಲದ ದಿನ ಬಿಕ್ಕೋಡಿನ ಕಡೆ ಇನ್ನೊಮ್ಮೆ ಹೋಗೋಣ ಎಂದಿದ್ದರು. ನಾನು ಕ್ಯಾಮೆರಾದ ಬ್ಯಾಟರಿಯನ್ನೂ ಚಾರ್ಜಿಗೆ ಹಾಕಿದ್ದೆ.

ಕಾರ್ಯಗಳೆಲ್ಲ ಮುಗಿದ ಮೇಲೆ ಶಂಕರಪ್ಪನವರು ಹೇಳಿಕಳಿಸಿದರು. ಅಕ್ಕನ ಲ್ಯಾಪ್‌ಟಾಪ್ ತೆಗೆದು ನೋಡಬೇಕಿತ್ತು. ತೆರೆದರೆ ಅವರ ಹೆಸರಿನಲ್ಲಿ ಸಾಲುಸಾಲು ಸಂದೇಶ. ಅಲ್ಲಿ ಅವರು ಇಟ್ಟುಕೊಂಡಿದ್ದ ಹೆಸರು ಪಿ. ಆರ್. ಅರಸೀಕೆರೆ ಎಂದಷ್ಟೇ. ಸರ್, ಬೇಲೂರಿನ ಪುಟ ಒಮ್ಮೆ ನೋಡಿ. ಸರ್, ಬಹಳ ದಿನದಿಂದ ಕಾಣುತ್ತಿಲ್ಲ, ಆರೋಗ್ಯವೇ? ಸರ್, ನೀವಿಲ್ಲದೆ ಈ ವಾದ ಮುಗಿಯುತ್ತಿಲ್ಲ.

ಇವರೆಲ್ಲ ಯಾರು ಎಂದು ಶಂಕರಪ್ಪನವರು ಕೇಳಿದರು. ನನಗೂ ಗೊತ್ತಿಲ್ಲ, ಪಾರ್ವತಕ್ಕನೂ ಇವರ ಮುಖ ನೋಡಿರಲಿಲ್ಲ ಎಂದೆ. ಅವರು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು.

"ನೆಂಟ್ರಿಗೆಲ್ಲ ತಿಳಿಸಿದ್ವಿ. ಇವ್ರಿಗೂ ತಿಳಿಸ್ಬೇಕಲ್ಲಪ್ಪ," ಎಂದರು.

ಅವರು ಹೇಳಿದಂತೆ ಆ ಸಂದೇಶಗಳ ಕೆಳಗೇ ಬರೆದೆ: ನಮ್ಮ ಅಕ್ಕ ಪಾರ್ವತಮ್ಮನವರು ತೀರಿಕೊಂಡರು, ನಿಮ್ಮೆಲ್ಲರ ವಿಶ್ವಾಸ ದೊಡ್ಡದು. ಮರುದಿನ ಸಂಜೆಯ ಹೊತ್ತಿಗೆ ಬೆಳಗಾವಿಯಿಂದ, ಪುತ್ತೂರಿನಿಂದ, ಕಡಲಾಚೆಯಿಂದಲೂ ಉತ್ತರಗಳು ಬಂದಿದ್ದವು. ಒಂದೊಂದನ್ನೂ ಅವರು ಓದಿಸಿ ಕೇಳಿದರು. ಇಷ್ಟು ವರ್ಷ ಸರ್ ಎಂದೇ ಕರೆದೆವು, ಅವರೂ ತಿದ್ದಲಿಲ್ಲ ಎಂದು ಒಬ್ಬರು ಬರೆದಿದ್ದರು. ಶಂಕರಪ್ಪನವರು ಜೋರಾಗಿ ನಕ್ಕುಬಿಟ್ಟರು. ಆಮೇಲೆ ಕನ್ನಡಕ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸುತ್ತ ಒರೆಸುತ್ತ ಕೂತೇ ಇದ್ದರು.